ದೊಡ್ಡಮ್ಮನ ಮಗಳ ಮುಖ

ಗೋಡೆಯ ಮೇಲೆ ಅವಳದೇ ಮುಖವಿತ್ತು!

ಅದೇ ಚೂಪು ಗಲ್ಲ, ಅದೇ ಅಗಲ ಹಣೆ, ಎಡಗೆನ್ನೆಯ ಮೇಲೆ ಅದೇ ಸಣ್ಣ ಮಚ್ಚೆ. ಆದರೆ ಕಣ್ಣುಗಳಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಬರೀ ಬಿಳಿ ಕಾಗದ.

ಕೈಯಲ್ಲಿದ್ದ ಅಳತೆ ಟೇಪು ಜಾರಿ ನೆಲಕ್ಕೆ ಬಿತ್ತು. ಅಪ್ಪನ ಫ್ರೇಮ್ ಅಂಗಡಿಯಲ್ಲಿ ಹತ್ತು ವರ್ಷದಿಂದ ಗಾಜು ಕತ್ತರಿಸುತ್ತಿದ್ದ ಅವಳ ಕೈಯಿಂದ ಏನಾದರೂ ಜಾರಿದ್ದು ಇದೇ ಮೊದಲು.

ಗೋಡೆಯ ತುಂಬ ಅಂಥವೇ ಚಿತ್ರಗಳು... ನಲವತ್ತಕ್ಕೂ ಹೆಚ್ಚು. ಗಂಡಸರು, ಹೆಂಗಸರು, ಹಲ್ಲು ಬಿದ್ದ ಮಕ್ಕಳು. ಯಾರಿಗೂ ಕಣ್ಣಿಲ್ಲ. ಆದರೂ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಅವಳ ಮೈ ಜುಮ್ಮೆಂದಿತು.

"ಇದು... ಇದು ನಾನಲ್ವಾ?"

ಏಣಿಯ ಮೇಲಿದ್ದ ಚಿತ್ರಗಾರ ತಿರುಗಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಅಲ್ಲ," ಅಂದ, ಉಗುಳು ನುಂಗಿ. "ಅದು ದೊಡ್ಡಮ್ಮನ ಮಗಳು. ನನಗೆ ನಂಟಲ್ಲ, ಇಡೀ ಊರೇ ಅವರನ್ನ ಹಾಗೆ ಕರೆಯೋದು. ನಮ್ಮೂರಿಗೆ ಬೆಂಕಿ ಹಚ್ಚಿದ ದಿನ ಕಾಣೆಯಾದಳು. ಮೂರು ವರ್ಷ ಆಯ್ತು."

ಆ ಕಟ್ಟಡ ಒಂದು ಕಾಲಕ್ಕೆ ಹೊರಗಿನಿಂದ ಬಂದು ಆಳಿದ ದೊರೆಗಳ ಕಚೇರಿ. ದೊರೆಗಳು ಹೋದರು, ನಕ್ಷೆಯ ಮೇಲೆ ಅವರು ಎಳೆದ ಗೆರೆ ಮಾತ್ರ ಹೋಗಲಿಲ್ಲ. ಆ ಗೆರೆಗಾಗಿ ಎರಡೂ ಕಡೆಯವರು ಹೊಡೆದಾಡಿ, ನಡುವೆ ಸಿಕ್ಕಿದ ಊರು ಸುಟ್ಟು ಬೂದಿಯಾಯಿತು. ಬದುಕಿ ಬಂದವರಿಗೆ ಈ ಕಚೇರಿಯ ಕೋಣೆಗಳೇ ಈಗ ಮನೆ.

ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಹತ್ತಿರ ಫೋಟೋ ಎಲ್ಲಿಂದ ಬರಬೇಕು? ಮನೆಯವರು ಬಾಯಲ್ಲಿ ಹೇಳುವುದು, ಅದೇ ಊರಿನ ಚಿತ್ರಗಾರ ಕೇಳಿ ಬಿಡಿಸುವುದು. ದೊರೆಗಳ ಭಾವಚಿತ್ರ ಇಳಿಸಿದ ಮೇಲೆ ಗೋಡೆಯಲ್ಲಿ ಉಳಿದಿದ್ದ ಚೌಕಗಳಲ್ಲಿ ಈಗ ಕಾಣೆಯಾದವರಿದ್ದರು. ಅಟ್ಟದಲ್ಲಿ ಬಿದ್ದಿದ್ದ ದೊರೆಗಳ ಚೌಕಟ್ಟುಗಳನ್ನೇ ಇವರಿಗೆ ಹೊಂದಿಸಿ ಗಾಜು ಹಾಕಲು ಅವಳನ್ನು ಕರೆಸಿದ್ದರು. ತಿಂಗಳ ಕೊನೆಗೆ ಪ್ರದರ್ಶನವಿತ್ತು.

"ಕಣ್ಣು ಯಾಕಿಲ್ಲ?"

"ಸುದ್ದಿ ಬರೋ ತನಕ ಬಿಡಿಸಲ್ಲ. ಬದುಕಿದ್ದಾರೆ ಅಂದ್ರೆ ತೆರೆದ ಕಣ್ಣು. ಇಲ್ಲ ಅಂದ್ರೆ..."

ಅವನು ತನ್ನ ರೆಪ್ಪೆಗಳ ಮೇಲೆ ಬೆರಳಿಟ್ಟು ಮುಚ್ಚಿ ತೋರಿಸಿದ.

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಒದ್ದೆ ಬಟ್ಟೆ ಹಿಡಿದು ಒಬ್ಬ ಮುದುಕಿ ಒಳಗೆ ಬಂದಳು. "ದೊಡ್ಡಮ್ಮ," ಅಂದ ಚಿತ್ರಗಾರ ಮೆಲ್ಲಗೆ. ಇವಳನ್ನು ನೋಡಿದಳು. ಬೆಚ್ಚಲಿಲ್ಲ, ಅಳಲಿಲ್ಲ.

"ಬಂದ್ಯಾ? ಎಷ್ಟು ಹೊತ್ತು ಮಾಡ್ದೆ! ಕೈಕಾಲು ತೊಳ್ಕೋ ಹೋಗು," ಅಂದಳು, ಅಂಗಡಿಗೆ ಹೋದ ಮಗಳು ತಡವಾಗಿ ಬಂದರೆ ಅನ್ನುವ ಹಾಗೆ.

ಇವಳು ಹಿಂದೆ ಹಿಂದೆ ಸರಿದು ಬಾಗಿಲು ದಾಟಿದಳು. ಹೊರಗೆ ಹಜಾರಕ್ಕೆ ಬಂದರೆ ಹೆದರಿದವಳ ಮೇಲೆ ಹಾವು ಎಸೆದ ಹಾಗಾಯಿತು. ಇದ್ದಬದ್ದವರೆಲ್ಲ ಗೋಡೆಗೆ ಸರಿದು ದಾರಿ ಬಿಟ್ಟರು. ಒಬ್ಬ ಹೆಂಗಸಂತೂ ಬಗ್ಗಿ, ಇವಳ ಪಾದ ನೆಲಕ್ಕೆ ತಾಗಿದೆಯೇ ಎಂದು ನೋಡಿದಳು!

ನಾಳೆಯಿಂದ ಬರಲ್ಲ ಅಂದುಕೊಂಡಳು. ಮರುದಿನ ಎಲ್ಲರಿಗಿಂತ ಮೊದಲು ಬಂದಳು. ಮನಸ್ಸಿನ ಹಣೆಬರಹವೇ ಅಷ್ಟು.

ಚಿತ್ರಗಾರ ಮಾತು ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ಅವಳೇ ಆಡುತ್ತಿದ್ದಳು. ಅಪ್ಪ ಅವಳನ್ನು ಮೆಣಸಿನಕಾಯಿ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ.

"ನಿಮ್ಮ ಬಾಯಲ್ಲಿ ಮುತ್ತಿದ್ಯಾ? ಉದುರಿಬಿಡುತ್ತೆ ಅಂತ ಭಯನಾ?"

"ನೀವು ಬಿಟ್ಟರೆ ತಾನೇ ಮಾತಾಡೋದು?"

ಅಂದವನು ನಕ್ಕುಬಿಟ್ಟ. ಆ ಖಾಲಿ ಕಣ್ಣುಗಳ ನಡುವೆ ಒಬ್ಬ ಮನುಷ್ಯ ನಗುವುದನ್ನು ನೋಡಿ ಅವಳಿಗೆ ಏನೋ ಆಯಿತು. ಆದದ್ದು ಪ್ರೀತಿ. ಅದು ಅವಳಿಗೂ ಗೊತ್ತಾಯಿತು.

ಆದರೆ ಇನ್ನೊಂದೂ ಆಗುತ್ತಿತ್ತು. ದೊಡ್ಡಮ್ಮ ಬಲವಂತವಾಗಿ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ತನಗೆ ಗೊತ್ತೇ ಇಲ್ಲದ ಬಾಲ್ಯವನ್ನು ಇವಳು ತಲೆಯಾಡಿಸಿ ಕೇಳುತ್ತಿದ್ದಳು. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಮೊದಲು ಕಣ್ಣು ಇದೆಯಾ ಎಂದು ನೋಡಿಕೊಳ್ಳುವುದು ಅಭ್ಯಾಸವಾಯಿತು. ಒಂದು ದಿನ ಅಪ್ಪ ಕೂಗಿದರೆ ಓಗೊಡದವಳು, ಇಲ್ಲಿ ದೊಡ್ಡಮ್ಮ "ಮಗಳೇ" ಎಂದ ತಕ್ಷಣ "ಬಂದೆ ಅಮ್ಮಾ!" ಅಂದಳು. ಅಂದಮೇಲೆ ಅವಳಿಗೇ ಚಳಿ ಹತ್ತಿತು.

*ಹೀಗೇ ಆದ್ರೆ... ಇನ್ನು ಸ್ವಲ್ಪ ದಿನದಲ್ಲಿ ನಾನು ಎಲ್ಲಿರ್ತೀನಿ?*

ಪ್ರದರ್ಶನಕ್ಕೆ ವಾರವಿರುವಾಗ ದೊಡ್ಡಮ್ಮ ಚಿತ್ರಗಾರನ ಕೈ ಹಿಡಿದುಕೊಂಡಳು.

"ಮಗಳು ಬಂದಾಯ್ತಲ್ಲಪ್ಪ. ಇನ್ನು ಕಣ್ಣು ಬಿಡಿಸು."

"ಆಗಲ್ಲ ದೊಡ್ಡಮ್ಮ." ಅವನ ದನಿ ಒಡೆಯಿತು. "ಇವರು ಅವಳಲ್ಲ."

ಆ ಮಾತು ಅವಳ ಎದೆಗೆ ಗಾಜಿನ ಚೂರು ಚುಚ್ಚಿದಂತೆ ಚುಚ್ಚಿತು. ಇವನು ಇನ್ನೂ ಆ ಹುಡುಗಿಗಾಗಿಯೇ ಕಾಯುತ್ತಿದ್ದಾನೆ! ತನ್ನ ಮುಖದಲ್ಲಿ ಇಷ್ಟು ದಿನ ನೋಡಿದ್ದು ಅವಳನ್ನೇ!

ದೊಡ್ಡಮ್ಮ ಹೋದದ್ದೇ ತಡ, ಅವಳು ಸಿಡಿದಳು.

"ನೀವು ಪ್ರೀತಿಸ್ತಿರೋದು ಆ ಗೋಡೆ ಮೇಲಿರೋಳನ್ನ, ಅಲ್ವಾ? ನಾನು ಅವಳ ನೆರಳು, ಅಷ್ಟೇ ತಾನೇ?"

"ಇಲ್ಲ..." ಅವನು ಏಣಿಗೆ ಒರಗಿದ. "ಆ ಗೋಡೆ ಮೇಲಿರೋದೇ ನೀವು."

"ಏನಂದ್ರಿ?"

"ನಾವು ಬಂದ ಹೊಸದರಲ್ಲಿ ನಿಮ್ಮ ಅಂಗಡಿ ಎದುರಿನ ಆಫೀಸಲ್ಲಿ ನಿರಾಶ್ರಿತರ ಪಟ್ಟಿಗೆ ಹೆಸರು ಬರೆಸೋಕೆ ಆರು ತಿಂಗಳು ದಿನಾ ಸಾಲಲ್ಲಿ ನಿಂತಿದ್ದೆ. ನೀವು ಪ್ರತಿ ಗಾಜನ್ನೂ ಮುಖದ ಮುಂದೆ ಎತ್ತಿ, ಗುಳ್ಳೆ ಇದೆಯಾ ಅಂತ ನೋಡ್ತಿದ್ರಿ. ಸುಟ್ಟ ಊರು ನೋಡಿ ಬಂದ ಕಣ್ಣಿಗೆ ಅದೊಂದೇ ತಂಪು... ಆಮೇಲೆ ದೊಡ್ಡಮ್ಮ ಮಗಳನ್ನ ಬಿಡಿಸು ಅಂದ್ರು. ಮೂರು ದಿನ ಬರೆದೆ, ಅಳಿಸಿದೆ. ಅವಳ ಮುಖ ಬರಲೇ ಇಲ್ಲ. ಸುಸ್ತಾದ ಕೈ ತನಗೆ ಗೊತ್ತಿರೋ ಮುಖ ಬರೆದುಬಿಡ್ತು. ಅಳಿಸೋಣ ಅನ್ನೋಷ್ಟರಲ್ಲಿ ಅವರು ನೋಡಿ, 'ಇವಳೇ' ಅಂದುಬಿಟ್ರು."

"ನೀವು ಸುಮ್ಮನಿದ್ರಾ?"

"ಮುಳುಗೋರ ಕೈಯಿಂದ ಹುಲ್ಲುಕಡ್ಡಿ ಹೇಗೆ ಕಿತ್ಕೊಳ್ಳಲಿ? ಈಗ ಆ ಚಿತ್ರ ಅವರ ಮಗಳ ಮುಖವನ್ನೇ ತಿಂದುಹಾಕಿದೆ. ಅವಳು ಹೇಗಿದ್ಲು ಅನ್ನೋದೇ ಅವರಿಗೆ ನೆನಪಿಲ್ಲ. ನೋಡಿ ನೋಡಿ ಊರವರಿಗೂ ಈಗ ಇದೇ ಅವಳ ಮುಖ."

ಪ್ರೀತಿಸಿದವನು ತನ್ನನ್ನೇ ಪ್ರೀತಿಸಿದ್ದ ಎಂದು ಗೊತ್ತಾದ ಗಳಿಗೆ ಅದು. ಕುಣಿಯಬೇಕಿತ್ತು. ಆದರೆ ಅವಳಿಗೆ ಅಳು ಬಂತು.

"ತಾಯಿ ಹತ್ರ ಉಳಿದಿದ್ದು ಅದೊಂದೇ ಮುಖ... ಅದನ್ನೂ ಕದ್ರಲ್ಲ! ನನ್ನನ್ನ ಕಾಣೆಯಾದವರ ಸಾಲಲ್ಲಿ ನೇತುಹಾಕಿದ್ರಲ್ಲ! ಈ ಪ್ರೀತಿ ನನಗೆ ಬೇಡ."

ಟೇಪು, ಚೀಲ ತೆಗೆದುಕೊಂಡು ಹೊರಟೇಬಿಟ್ಟಳು.

ಮೂರು ದಿನ ಅಂಗಡಿಯಲ್ಲೇ ಕೂತಳು. ಎರಡು ಗಾಜು ಒಡೆದಳು.

"ಮೆಣಸಿನಕಾಯಿ ಯಾಕೋ ಸಪ್ಪಗಿದೆ," ಅಂದರು ಅಪ್ಪ.

ಅವಳು ತೀರಿಹೋದ ಅಜ್ಜಿಯ ಮುಖ ನೆನಪಿಸಿಕೊಳ್ಳಲು ನೋಡುತ್ತಿದ್ದಳು. ಅಂಗಡಿ ಗೋಡೆಯ ಮೇಲಿನ ಫೋಟೋ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

"ಅಪ್ಪಾ, ಅಜ್ಜಿ ಮೂಗು ನಿಮ್ಮ ಹಾಗೇ ಇತ್ತಾ?"

"ಛೇ! ನಂದಕ್ಕಿಂತ ಮೊಂಡು. ನಕ್ಕರೆ ಎರಡು ಕಡೆ ಅರಳೋದು."

ಥಟ್ಟನೆ ಅಜ್ಜಿ ಕಣ್ಣೆದುರಿಗೆ ಬಂದಳು. ಫೋಟೋದ ಅಜ್ಜಿಯಲ್ಲ, ನಗುತ್ತಿದ್ದ ಅಜ್ಜಿ! ಅವಳು ಎದ್ದವಳೇ ಚಪ್ಪಲಿ ಮೆಟ್ಟಿದಳು.

ಅವಳು ನೆಟ್ಟಗೆ ದೊಡ್ಡಮ್ಮನ ಎದುರು ಹೋಗಿ ಕೂತಳು. ಆ ಒಣಗಿದ ಕೈಗಳನ್ನು ಎತ್ತಿ ತನ್ನ ಕೆನ್ನೆಗೆ ಇಟ್ಟುಕೊಂಡಳು. ಚಿತ್ರಗಾರ ಬಾಗಿಲಲ್ಲೇ ನಿಂತುಬಿಟ್ಟ.

"ಕಾಗದ ತನ್ನಿ," ಅಂದಳು ಅವನತ್ತ ನೋಡದೆ. "ದೊಡ್ಡಮ್ಮಾ, ನಾನು ನಿಮ್ಮ ಮಗಳಲ್ಲ. ಆ ಚಿತ್ರದಲ್ಲಿರೋದು ನಾನು. ಅವಳು ನನ್ನ ಹಾಗಿರಲಿಲ್ಲ. ಎಲ್ಲಿ ಬೇರೆ ಇದ್ಲು, ಹೇಳಿ."

"ಹುಚ್ಚಿ! ನಿನ್ನ ನಾನು ಹೆತ್ತಿಲ್ವಾ?" ಮುದುಕಿ ಗದರಿದಳು. ಅತ್ತಳು. ಎದ್ದು ಹೋಗಲು ನೋಡಿದಳು. ಇವಳು ಕೈ ಬಿಡಲಿಲ್ಲ.

ತುಂಬ ಹೊತ್ತಿನ ಮೇಲೆ ಆ ಬೆರಳುಗಳು ಗಲ್ಲದ ಹತ್ತಿರ ನಿಂತವು.

"ಇದು... ಇಷ್ಟು ಚೂಪಿರಲಿಲ್ಲ."

ಪೆನ್ಸಿಲ್ಲಿನ ಸದ್ದು ಶುರುವಾಯಿತು.

"ಮಚ್ಚೆ ಇರಲಿಲ್ಲ. ಹುಬ್ಬು ಕೂಡಿತ್ತು... ಹೂಂ, ಕೂಡಿತ್ತು! ಎಲ್ಲರೂ ಆಡ್ಕೊಳ್ಳೋರು ಪಾಪ. ಮೇಲ್ತುಟಿ ಒಂಚೂರು ಮುಂದೆ..."

ಒಂದೊಂದು ಮಾತಿಗೂ ಮುದುಕಿಯ ದನಿ ಬದಲಾಗುತ್ತಿತ್ತು. ಕೋಣೆಯಲ್ಲಿ ನಾಲ್ಕನೆಯವಳೊಬ್ಬಳು ಬಂದು ಕೂತಳೇನೋ ಅನ್ನುವಂತೆ ಗಾಳಿ ತಣ್ಣಗಾಯಿತು. ಇವಳಿಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಸಂಜೆಯ ಹೊತ್ತಿಗೆ ಅವನು ಕಾಗದವನ್ನು ದೊಡ್ಡಮ್ಮನ ಮುಂದೆ ಹಿಡಿದ. ಕೂಡಿದ ಹುಬ್ಬಿನ ಹುಡುಗಿ... ಇವಳಿಗೆ ಯಾವ ಹೋಲಿಕೆಯೂ ಇರಲಿಲ್ಲ.

ಮುದುಕಿ ಮೂರು ವರ್ಷದಿಂದ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಆ ಕೂಗಿಗೆ ಹಜಾರದ ಜನರೆಲ್ಲ ಬಂದು ಬಾಗಿಲಲ್ಲಿ ನಿಂತರು.

"ಕ್ಷಮಿಸಿ ದೊಡ್ಡಮ್ಮ," ಅಂದ ಅವನು.

"ಆ ಇನ್ನೊಂದು ಚಿತ್ರ ಇಳಿಸು," ಅಂದಳು ಮುದುಕಿ ಕೊನೆಗೆ ಮೂಗು ಒರೆಸಿಕೊಂಡು. "ಕಣ್ಮುಂದೆ ಇರೋರನ್ನ ಅಲ್ಲಿ ಇಡಬಾರದು."

ಆಮೇಲೆ ಇವಳ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ಹಾಗಾದ್ರೆ ಇವಳು ಯಾರಪ್ಪ?"

ಅವನು ನೆಲ ನೋಡಿದ.

"ಕೇಳ್ತಿದಾರಲ್ಲ, ಹೇಳಿ," ಅಂದಳು ಅವಳು.

"ನಾನು ಪ್ರೀತಿಸೋ ಹುಡುಗಿ, ದೊಡ್ಡಮ್ಮ."

"ಅವಳಿಗೆ ಹೇಳಿದ್ದೀಯಾ?"

"ಕದ್ದಿದ್ದೆ. ಹೇಳಿರಲಿಲ್ಲ."

"ಕೇಳಿಸಲಿಲ್ಲ ನಂಗೆ," ಅಂದಳು ಅವಳು. "ಇನ್ನೊಂದು ಸಲ ಹೇಳಿ. ಅವರಿಗಲ್ಲ... ನನಗೆ."

ಅವನು ಪೆನ್ಸಿಲ್ಲು ಕೆಳಗಿಟ್ಟು, ತಿರುಗಿ, ಹೇಳಿದ.