ಎಡಕ್ಕೆ ಹೊರಳಿದ ಚಂದ್ರ

ಬೆಳಿಗ್ಗೆ ಒಂಬತ್ತೂಕಾಲಿಗೆ ಚಾಂದ್ ಬೀ ತಮ್ಮ ಕಸೂತಿ ಅಂಗಡಿಯ ಬಾಗಿಲು ತೆಗೆದರು. ಒಳಗೆ ಕಾಲಿಡಲಿಲ್ಲ.

ನೆಲದ ಮೇಲೆ ಬಿಳಿ ಪುಡಿಯ ಚಕ್ರ. ಮೊರದಷ್ಟು ಅಗಲ. ಒಳಗೆ ಐದು ಮೂಲೆಯ ನಕ್ಷತ್ರ, ಸುತ್ತ ಅರ್ಥವಾಗದ ಗುರುತುಗಳು, ಪಕ್ಕದಲ್ಲಿ ಕುಡುಗೋಲಿನಂಥ ಚಂದ್ರ. ನಟ್ಟನಡುವೆ ಒಂದು ಚಿಟಿಕೆ ಅರಿಶಿನ, ಒಂದು ಚಿಟಿಕೆ ಕುಂಕುಮ.

ಗಾಜಿನ ಬೀರು ತೆರೆದಿತ್ತು. ಹೊಸ ಸೀರೆಗಳು ಇದ್ದಲ್ಲೇ ಇದ್ದವು. ಕಡಬದ ಇಂಪನಾ ಕೊಟ್ಟಿದ್ದ, ಮಾವಿನಕಾಯಿ ಅಂಚಿನ ಹಳೆಯ ರೇಷ್ಮೆ ಸೀರೆ ಇರಲಿಲ್ಲ. ತೀರಿಹೋದ ತಾಯಿಯ ಧಾರೆ ಸೀರೆ. ಅದರ ಅಂಚು ಕತ್ತರಿಸಿ ತನ್ನ ಮದುವೆಯ ಬ್ಲೌಸಿಗೆ ಕೂಡಿಸಬೇಕೆಂದು ಹುಡುಗಿ ಕೇಳಿದ್ದಳು. ಕತ್ತರಿ ಹಾಕುವುದು ಇವತ್ತೇ ಎಂದು ನಿಗದಿಯಾಗಿತ್ತು.

ಬಟವಾಡಿಯ ಆ ಮಹಡಿಯಲ್ಲಿ ಆರು ಹೆಂಗಸರು ಕಸೂತಿ ಮಾಡಿ ಬದುಕುತ್ತಿದ್ದರು. ಆರೂ ಜನ ಮೆಟ್ಟಿಲಲ್ಲೇ ನಿಂತರು. ಕಟ್ಟಡದ ಮಾಲೀಕ ಮಹಾಲಿಂಗಯ್ಯ ಮೇಲೆ ಬಂದರು.

"ಏನಮ್ಮ ಇದು? ನನ್ ಬಿಲ್ಡಿಂಗ್‌ನಲ್ಲಿ ಮಾಟನಾ?"

"ನಮಗೇನು ಗೊತ್ತು ಸ್ವಾಮಿ? ಕಳ್ತನ ಆಗಿದೆ."

"ಕಳ್ಳ ಎಲ್ಲಾದ್ರೂ ಚಕ್ರ ಬರೀತಾನೇನಮ್ಮ? ನಿನ್ ಮಗಳದ್ದೇ ಕೆಲ್ಸ. ಮೂರು ಹೊತ್ತೂ ದೆವ್ವದ ಗೇಮು. ನಾಳೆ ಸಂಜೆಯೊಳಗೆ ಖಾಲಿ ಮಾಡಿ."

ಚಾಂದ್ ಬೀ ಮಗಳ ಕಡೆ ನೋಡಿದರು. ಜೈಬಾ ತುಟಿ ಕಚ್ಚಿಕೊಂಡು ನಿಂತಿದ್ದಳು. ಕೈಯಲ್ಲಿದ್ದ ಅವಳ ನೋಟ್‌ಬುಕ್ಕಿನಲ್ಲಿ ಅದೇ ಚಕ್ರ ಇತ್ತು.

* * *

ಚಾಂದ್ ಬೀ ಕೊಟ್ಟ ದೂರಿನ ಮೇಲೆ ಬಂದ ಎಎಸ್‌ಐ ಲಕ್ಷ್ಮೀದೇವಮ್ಮನವರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತಿತ್ತು. ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಪುಡಿ ಮುಟ್ಟಿ, ಮೂಸಿದರು.

"ಅರಿಶಿನ, ಕುಂಕುಮ. ಪಕ್ಕಾ ಮಾಟ ಮೇಡಂ," ಎಂದ ಕಾನ್‌ಸ್ಟೆಬಲ್ ಮೋಹನ್‌ಕುಮಾರ್.

"ನಿಂಬೆಹಣ್ಣು ಎಲ್ಲಪ್ಪ ಹಾಗಾದ್ರೆ? ಸುಮ್ನಿರು."

ಎರಡೂ ಒಂದೇ ಪ್ರಮಾಣದ ಚಿಟಿಕೆ. ಅವರ ಬೆರಳಿಗೆ ಅದರ ಅಳತೆ ಗೊತ್ತಿತ್ತು. ಎಲ್ಲಿ ಎಂದು ತಕ್ಷಣ ನೆನಪಾಗಲಿಲ್ಲ.

ಬೀಗ ಒಡೆದಿರಲಿಲ್ಲ. ಕೀ ಇರುತ್ತಿದ್ದುದು ಮೀಟರ್ ಬೋರ್ಡಿನ ಹಿಂದೆ, ಮೊದಲು ಬಂದವರು ತೆಗೆಯಲಿ ಎಂದು. ಕೆಲಸದವರಿಗೆ ಗೊತ್ತು, ಮಾಲೀಕರಿಗೆ ಗೊತ್ತು. ಬೇಗ ಬಂದು ಕಾದ ಗಿರಾಕಿಗಳೂ ನೋಡಿರಬಹುದು.

"ಬಾಮ್ಮ, ಕೂತ್ಕೋ," ಎಂದರು ಜೈಬಾಗೆ. "ಏನದು ಆಟ?"

"ಬೈಯೋದಾದ್ರೆ ಈಗ್ಲೇ ಬೈದ್ಬಿಡಿ ಮೇಡಂ."

"ಬೈಯೋಕೆ ಮೊದ್ಲು ಅರ್ಥ ಆಗ್ಬೇಕಲ್ಲ. ಹೇಳು."

ಜೈಬಾ ಮೆಲ್ಲಗೆ ಶುರು ಮಾಡಿದಳು. ಜಪಾನಿನವರ ಆಟ. ಅವಳು ಹುಟ್ಟುವ ಮೊದಲಿನಿಂದ ಒಂದರ ಹಿಂದೊಂದು ಭಾಗ ಬರುತ್ತಲೇ ಇದೆ. ಪಾಳುಬಿದ್ದ ನಗರ, ಅದರ ತುಂಬ ಪಿಶಾಚಿಗಳು. ಎಲ್ಲ ದೇಶದವೂ ಇವೆ. ಜಿನ್, ನಾಗ, ರಾಕ್ಷಸ, ಜಪಾನಿನ ನರಿದೆವ್ವ.

"ಕೊಲ್ತಾ ಹೋಗೋದಾ?"

"ಕೊಲ್ಬಹುದು. ಆದ್ರೆ ಮಾತಾಡೋದೇ ಮಜಾ. ಎದುರಿಗೆ ಬಂದ್ರೆ ನಿಂಗೇನು ಬೇಕು ಅಂತ ಕೇಳ್ಬೇಕು. ಸರಿಯಾಗಿ ಕೇಳಿದ್ರೆ ನಮ್ ಜೊತೆಗೇ ಬಂದ್ಬಿಡುತ್ತೆ. ಹುಣ್ಣಿಮೆ ಹತ್ರ ಆದಾಗ ಮಾತ್ರ ಯಾವುದೂ ಮಾತು ಕೇಳಲ್ಲ. ಅದಕ್ಕೇ ಚಂದ್ರ ಬೆಳೀತಿರೋವಾಗ ಮಾತಾಡಿಸ್ಬೇಕು."

ಮೂವತ್ತೈದು ವರ್ಷದ ಸರ್ವಿಸಿನಲ್ಲಿ ತಾನು ಕಲಿತದ್ದೂ ಇಷ್ಟೇ ಅಲ್ಲವೇ ಎನ್ನಿಸಿತು ಲಕ್ಷ್ಮೀದೇವಮ್ಮನವರಿಗೆ.

ಚಕ್ರವನ್ನು ಜಾಕೆಟ್ಟಿನ ಬೆನ್ನಿಗೆ ಹೊಲಿದುಕೊಡಿ ಎಂದು ಅದೇ ಆಟದ ಹುಚ್ಚಿನ ಗಿರಾಕಿಯೊಬ್ಬಳು ಕೇಳಿದ್ದಳು. ಜೈಬಾ ಅದನ್ನು ತೆಳು ಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ ಅಂಗಡಿಯಲ್ಲೇ ಇಟ್ಟಿದ್ದಳು. ಕಾಗದವನ್ನು ಬಟ್ಟೆಯ ಮೇಲಿಟ್ಟು ಪುಡಿ ಉಜ್ಜಿದರೆ ತೂತಿನಿಂದ ಇಳಿದು ಚಿತ್ರ ಮೂಡುತ್ತದೆ. ಕಸೂತಿಯವರು ಆ ಕಾಗದವನ್ನು ಖಾಕಾ ಎನ್ನುತ್ತಾರೆ.

ಲಕ್ಷ್ಮೀದೇವಮ್ಮ ನೋಟ್‌ಬುಕ್ ತೆಗೆದು ನೆಲದ ಚಕ್ರದ ಪಕ್ಕ ಇಟ್ಟರು. ಪುಸ್ತಕದಲ್ಲಿ ಚಂದ್ರ ಬಲಕ್ಕಿತ್ತು. ನೆಲದಲ್ಲಿ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ.

"ಅಯ್ಯೋ, ಹೌದಲ್ವಾ!" ಜೈಬಾ ಬಗ್ಗಿದಳು. "ಖಾಕಾ ಮಗುಚಿ ಇಟ್ಟಿದ್ದಾರೆ. ನಮ್ಮೋರ್ಯಾರೂ ಹಂಗೆ ಇಡಲ್ಲ ಮೇಡಂ. ಎಡತೋಳಿಗೆ ಒಂದು ಮಗ್ಗುಲು, ಬಲತೋಳಿಗೆ ಇನ್ನೊಂದು. ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ."

"ಪುಡಿಗೆ ಏನು ಬೆರೆಸ್ತೀರ?"

"ಸೀಮೆಎಣ್ಣೆ. ಇಲ್ದಿದ್ರೆ ಬಟ್ಟೆ ಮೇಲೆ ನಿಲ್ಲಲ್ಲ."

ನೆಲದ ಪುಡಿಗೆ ಸೀಮೆಎಣ್ಣೆಯ ವಾಸನೆ ಇರಲಿಲ್ಲ.

* * *

ಅನುಮಾನ ಮೊದಲು ಹೋದದ್ದು ಮಹಾಲಿಂಗಯ್ಯನ ಮೇಲೆ. ಅಂಗಡಿ ಖಾಲಿಯಾಗಲಿ ಎಂದು ಆರು ತಿಂಗಳಿಂದ ಕಾಯುತ್ತಿದ್ದವರು. ಕೀ ಎಲ್ಲಿರುತ್ತದೆ ಎಂದು ಗೊತ್ತಿದ್ದವರು. ಆದರೆ ಎರಡು ದಿನದಿಂದ ಅವರು ಕುಣಿಗಲ್‌ನ ಮಗಳ ಮನೆಯಲ್ಲಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಬಸ್ಸಿಳಿದಿದ್ದರು. ಮೋಹನ್‌ಕುಮಾರ್ ವಿಚಾರಿಸಿ ಬಂದ. ಎಲ್ಲ ನಿಜವಾಗಿತ್ತು.

"ಕಡಬಕ್ಕೆ ನಡಿ," ಎಂದರು ಲಕ್ಷ್ಮೀದೇವಮ್ಮ. "ಸೀರೆ ಯಾರದ್ದೋ ಅವರ ಮನೆ ನೋಡಿಲ್ಲ ನಾವು."

ಮನೆ ಕೆರೆ ಏರಿಯ ಕೆಳಗಿತ್ತು. ಹೊಸ್ತಿಲ ಮುಂದೆ ಬೆಳಗಿನ ರಂಗೋಲಿ. ನಡುವೆ ಒಂದು ಚಿಟಿಕೆ ಅರಿಶಿನ, ಒಂದು ಚಿಟಿಕೆ ಕುಂಕುಮ. ಬಾಗಿಲ ಮೊಳೆಗೆ ರಂಗೋಲಿ ಹಾಕುವ ತೂತಿನ ತಟ್ಟೆ ನೇತಾಡುತ್ತಿತ್ತು. ಲಕ್ಷ್ಮೀದೇವಮ್ಮ ಅಲ್ಲೇ ಒಂದು ಗಳಿಗೆ ನಿಂತರು. ಬೆರಳಿಗೆ ಗೊತ್ತಿದ್ದ ಅಳತೆ ಈಗ ನೆನಪಾಯಿತು. ಡ್ಯೂಟಿಗೆ ಎಷ್ಟೇ ಹೊತ್ತಾದರೂ ಅವರೂ ಅದನ್ನಿಡದೆ ಮನೆ ಬಿಟ್ಟವರಲ್ಲ.

ಇಂಪನಾಳ ಕಣ್ಣು ಅತ್ತು ಊದಿತ್ತು. "ಅಮ್ಮಂದು ಅಂತ ಇದ್ದಿದ್ದು ಅದೊಂದೇ ಮೇಡಂ. ನಾನು ಮೂರು ವರ್ಷದೋಳಿದ್ದಾಗ ಹೋಗ್ಬಿಟ್ರು."

ಕಾಫಿ ತಂದವರು ಸಿದ್ಧಗಂಗಮ್ಮ. ಇಂಪನಾಳ ತಂದೆಯ ಎರಡನೆಯ ಹೆಂಡತಿ, ಕುಣಿಗಲ್ ಕಡೆಯವರು. ಲೋಟ ಇಟ್ಟು ಕಂಬದ ಪಕ್ಕ ನಿಂತರು.

ಗೋಡೆಯ ಮೇಲೆ ಒಂದು ಮದುವೆ ಫೋಟೋ. ಹೆಣ್ಣಿನ ಸೀರೆಗೆ ಮಾವಿನಕಾಯಿಯ ದೊಡ್ಡ ಅಂಚು.

"ಇದೇ ಸೀರೆ ತಾನೆ? ನಿಮ್ಮ ತಾಯೀನಾ?"

"ಅಲ್ಲ, ಅದು ಚಿಕ್ಕಮ್ಮ," ಎಂದವಳು ಎದ್ದು ಹತ್ತಿರ ಹೋದಳು. ದಿನವೂ ಕಾಣುವ ಫೋಟೋವನ್ನು ಇವತ್ತು ನೋಡುತ್ತಿದ್ದಳು. "ಚಿಕ್ಕಮ್ಮ... ಇದು ಅಮ್ಮನ ಸೀರೆ."

ಲಕ್ಷ್ಮೀದೇವಮ್ಮ ಸಿದ್ಧಗಂಗಮ್ಮನ ಕಡೆ ತಿರುಗಿದರು.

"ನಿನ್ನೆ ಎಲ್ಲಿದ್ರಿ ತಾಯಿ?"

"ಶೆಟ್ಟಿಹಳ್ಳಿ... ತಂಗಿ ಮನೇಲಿ. ಲಗ್ನಪತ್ರಿಕೆ ಕೊಡಕ್ಕೆ. ಬೆಳಿಗ್ಗೆ ಬಂದೇ ರಂಗೋಲಿ ಬಿಟ್ಟಿದ್ದು."

"ಅಲ್ಲಿಂದ ಬಟವಾಡಿ ಹತ್ರಾನೇ. ಇವತ್ತು ಬೆಳಕು ಹರಿಯೋ ಹೊತ್ನಲ್ಲಿ ಬಟವಾಡಿಲಿದ್ರಿ ಅಲ್ವಾ?"

ಮೋಹನ್‌ಕುಮಾರ್ ಮುಂದೆ ಬಂದ. ಲಕ್ಷ್ಮೀದೇವಮ್ಮ ಕೈ ಅಡ್ಡ ಹಿಡಿದರು. ದನಿ ತಗ್ಗಿಸಿದರು.

"ನಿಮಗೇನು ಬೇಕಿತ್ತಮ್ಮ? ಅಷ್ಟು ಹೇಳಿ."

ಯಾರೂ ಈ ಪ್ರಶ್ನೆಯನ್ನು ಆಕೆಗೆ ಕೇಳಿರಲಿಲ್ಲವೇನೋ. ಸಿದ್ಧಗಂಗಮ್ಮ ಕಂಬಕ್ಕೊರಗಿ ಕೂತರು.

"ಕತ್ತರಿ ಹಾಕ್ಬಾರ್ದು ಅಂತಿತ್ತು. ಅಷ್ಟೇಯ. ಎರಡ್ನೇ ಸಂಬಂಧಕ್ಕೆ ಹೊಸ ಸೀರೆ ಯಾಕೆ ಅಂದ್ರು ಅತ್ತೆ. ಮೊದಲ್ನೋಳ್ದೇ ಉಡುಸುದ್ರು. ಧಾರೆ ಮುಗೀತು, ಬಿಚ್ಚಿ ತಿರುಗಾ ಅವ್ಳ ಹೆಸ್ರಲ್ಲಿ ಪೆಟ್ಟಿಗೆಗಿಟ್ರು. ನಾನು ಮದುವಣಗಿತ್ತಿ ಆಗಿದ್ದಿದ್ದು ಅದೊಂದ್ರಲ್ಲೇಯ. ಯಾರ್ ಮುಂದೆ ಹೇಳ್ಕೊಳ್ಳನ?"

"ಚಕ್ರ?"

"ಬ್ಲೌಸ್ ಅಳತೆಗೆ ಹೋದಾಗ ಅಂಗ್ಡಿ ಹೆಣ್ಮಗ ಕಾಗ್ದ ತೋರ್ಸಿ ಕಥೆ ಹೇಳ್ತು, ದೆವ್ವ ಕರೆಯೋದು ಅಂತ. ಅಪಶಕುನ ಅಂತ ಎಲ್ಲಾ ಸುಮ್ಕಾಗ್ತಾರೆ ಅಂದ್ಕಂಡು ತಂಗಿ ಮನೆ ರಂಗೋಲಿ ಡಬ್ಬಿ ತಗಂಡೋದೆ. ಆ ಮಗೀಗೆ ತೊಂದ್ರೆ ಆಯ್ತದೆ ಅಂತ ಹೊಳೀನೇ ಇಲ್ಲ."

"ಯಾರು ಅಂತ ಹೆಂಗೆ ಗೊತ್ತಾಯ್ತು ಮೇಡಂ?" ಮೋಹನ್‌ಕುಮಾರ್ ಪಿಸುಗುಟ್ಟಿದ.

"ಕಾಗದ ಮಗುಚಿತ್ತು, ಪುಡಿಗೆ ಎಣ್ಣೆ ಬಿದ್ದಿಲ್ಲ. ಅಂದ್ರೆ ಕಸೂತಿಯವರಲ್ಲ. ಹಾಕಿದ್ದು ರಂಗೋಲಿ ಪುಡಿ. ರಂಗೋಲಿ ತಟ್ಟೆಗೆ ಮೇಲೆ ಕೆಳಗೆ ಅಂತಿಲ್ಲ, ಹೆಂಗಿಟ್ರೂ ಅದೇ ಹೂವು. ಆ ಅಭ್ಯಾಸದೋರು ಖಾಕಾನೂ ಹಂಗೇ ಇಟ್ರು. ಮುಗಿದ್ಮೇಲೆ ಬೆರಳು ತಾನಾಗೇ ಅರಿಶಿನ ಕುಂಕುಮ ಇಡ್ತು. ದೆವ್ವ ಕರೆಯೋ ಚಕ್ರಕ್ಕೂ ಮಂಗಳ ಮಾಡಿದ ಗೃಹಿಣಿ ಕಣಪ್ಪ. ಕೀ ಎಲ್ಲಿರುತ್ತೆ ಅಂತ ಅಳತೆ ದಿನ ನೋಡಿದ್ರು. ಬೀರುವಲ್ಲಿದ್ದ ಹೊಸ ಸೀರೆ ಒಂದನ್ನೂ ಮುಟ್ಟಿಲ್ಲ. ಹಳೇದೊಂದೇ ಬೇಕಾಗಿದ್ದೋರು ಯಾರು? ಉತ್ತರ ಗೋಡೆ ಮೇಲಿತ್ತು."

ಸೀರೆ ಸಿದ್ಧಗಂಗಮ್ಮನ ಪೆಟ್ಟಿಗೆಯಲ್ಲೇ ಇತ್ತು, ಬಿಳಿ ಪಂಚೆಯಲ್ಲಿ ಸುತ್ತಿ. ಇಂಪನಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಚಿಕ್ಕಮ್ಮನ ಕೈ ನೋಡಿದಳು. ಜಡೆ ಹಾಕಿದ ಕೈ. ಜ್ವರದಲ್ಲಿ ಹಣೆ ಮುಟ್ಟಿದ ಕೈ. ಹಾಸ್ಟೆಲ್ಲಿಗೆ ಚಟ್ನಿಪುಡಿ ಕಟ್ಟಿ ಕಳಿಸಿದ ಕೈ. ಇಪ್ಪತ್ತೊಂದು ವರ್ಷ. ಥ್ಯಾಂಕ್ಸ್ ಎನ್ನುವ ಮಾತನ್ನು ಬಸ್ ಕಂಡಕ್ಟರಿಗೂ ಹೇಳಿದ್ದಳು, ಚಿಕ್ಕಮ್ಮನಿಗೆ ಹೇಳಿರಲಿಲ್ಲ.

"ಹೇಳಬೇಕಿತ್ತು ಚಿಕ್ಕಮ್ಮ," ಎಂದಳು ಕೊನೆಗೆ. "ಇಲ್ಲ. ನಾನು ಕೇಳ್ಬೇಕಿತ್ತು."

* * *

ಮಾರನೆಯ ದಿನ ಮಹಾಲಿಂಗಯ್ಯ ಮತ್ತು ಆರು ಹೆಂಗಸರ ಮುಂದೆ ಸಿದ್ಧಗಂಗಮ್ಮ ತಾವೇ ಹೇಳಿದರು. "ಕದ್ದೋಳು ನಾನು. ಬರ್ದೋಳೂ ನಾನೇಯ. ಈ ಮಗೀನ ಏನೂ ಅನ್ಬೇಡಿ." ಆಮೇಲೆ ಒದ್ದೆ ಬಟ್ಟೆ ಕೇಳಿ ತೆಗೆದುಕೊಂಡು, ಮೊಣಕಾಲೂರಿ ಚಕ್ರ ಒರೆಸಿದರು. ಹೆಂಗಸರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಒಳಗೆ ಬಂದರು.

ಮಹಾಲಿಂಗಯ್ಯ ಕೆಮ್ಮಿದರು. "ಇರ್ಲಿ ಬುಡಿ. ಕೆಲ್ಸ ನೋಡ್ಕಳಿ."

ಚಾಂದ್ ಬೀ ದೂರು ಹಿಂದಕ್ಕೆ ತೆಗೆದುಕೊಂಡರು. ಲಕ್ಷ್ಮೀದೇವಮ್ಮ ಹೊರಟಾಗ ಜೈಬಾ ಮೆಟ್ಟಿಲವರೆಗೂ ಬಂದಳು.

"ಮೇಡಂ, ಆಟ ಏನು ಅಂತ ಕೇಳಿದ ದೊಡ್ಡೋರು ನೀವೊಬ್ರೇ. ಅದಕ್ಕೇ... ಅಷ್ಟೇ."

"ಆ ದೆವ್ವಗಳನ್ನ ಕೂಡಿಸೋದೂ ಇದೆಯಂತಲ್ಲ? ನಿಮ್ಮಮ್ಮ ಹೇಳ್ತಿದ್ರು."

"ಹೂಂ. ಎರಡು ಸೇರಿ ಹೊಸದೊಂದು ಹುಟ್ಟುತ್ತೆ. ಆದ್ರೆ ಹಳೇವೆರಡೂ ಮಾಯ ಆಗ್ತವೆ. ನಂಗದೊಂದೇ ಬೇಜಾರು."

ಒಳಗೆ ಸೀರೆ ಹಾಸಿತ್ತು. ಕತ್ತರಿ ಗೋಡೆಯ ಮೊಳೆಯಲ್ಲೇ ಇತ್ತು. ಸೀರೆಯನ್ನು ಇಂಪನಾ ಇಡಿಯಾಗಿ ಉಡುವುದೆಂದಾಗಿತ್ತು. ಅದರ ಮಾವಿನಕಾಯಿಯನ್ನು ಜೈಬಾ ಕಾಗದಕ್ಕೆ ಇಳಿಸಿ ಚುಚ್ಚಿಟ್ಟಿದ್ದಳು. ಎರಡು ಬ್ಲೌಸಿಗೆ. ಒಂದು ಮದುವಣಗಿತ್ತಿಗೆ, ಇನ್ನೊಂದು ಧಾರೆಯ ಹೊತ್ತಿಗೆ ಪಕ್ಕದಲ್ಲಿ ನಿಲ್ಲುವವರಿಗೆ.

ತಮ್ಮ ಹೊಸ ಬ್ಲೌಸಿನ ತೋಳಿನ ಬಟ್ಟೆಯನ್ನು ಸಿದ್ಧಗಂಗಮ್ಮ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು. ಜೈಬಾ ಪುಡಿಗೆ ಸೀಮೆಎಣ್ಣೆ ಬೆರೆಸಿ ಕಾಗದ ಎತ್ತಿಕೊಂಡಳು.

"ತಡಿ ಮಗ," ಎಂದರು ಸಿದ್ಧಗಂಗಮ್ಮ. "ಇದು ಎಡತೋಳು. ಯಾವ ಮಗ್ಗುಲು ಮ್ಯಾಕೆ, ನೋಡ್ಕಂಡು ಇಡು."