ಬಳಗವೇ ವೋಟು ಹಾಕಿದ ಪ್ರವಾಸ

"ಬೆರ್ಷ್ಟೆಸ್‌ಗಾಡೆನ್ ಅಂದ್ರ ಗುಡ್ಡದ ಊರು, ಥಂಡಿ ಭಾಳ ಇರತೈತಿ ನೋಡವಾ. ಸ್ವೆಟರ್ ಮರೀಬ್ಯಾಡ," ಎಂದಿತು ಫೋನಿನ ಆಚೆಯ ದನಿ.

ಕೀರ್ತಿ ಫೋನನ್ನು ಕಿವಿಯಿಂದ ತೆಗೆದು ನಂಬರು ನೋಡಿದಳು. ಗುರುತಿಲ್ಲದ ನಂಬರು. ಜರ್ಮನಿಯ ಡ್ರೆಸ್ಡೆನ್ನಿನ ಚಿಪ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಆಗಷ್ಟೇ ಟ್ರಾಮಿನಲ್ಲಿ ಕೂತಿದ್ದಳು.

"ಯಾರು ಮಾತಾಡ್ತಿರೋದು?"

"ನಾನವಾ, ಅನ್ನಪೂರ್ಣವ್ವ, ಬೊಬ್ಲಿಂಗೆನ್ನಿಂದ. ನಿಮ್ಮ ಬಸವಪ್ರಸಾದ ನಮ್ಮ ಮನಿ ಮಗ ಇದ್ದಂಗ. ಇವತ್ತ ವೋಟಿಂಗ್ ಮುಗೀತು. ಬೆರ್ಷ್ಟೆಸ್‌ಗಾಡೆನ್ ಗೆದ್ದೈತಿ. ನಾನೂ ಅದಕ್ಕ ಹಾಕೀನಿ."

"ಯಾವ ವೋಟಿಂಗು?"

"ನೀವಿಬ್ಬರೂ ಕ್ಯಾರವಾನ್ ತಗೊಂಡು ಎಲ್ಲಿಗೆ ಹೋಗಬೇಕಂತ ನಮ್ಮ ಕನ್ನಡದವರ ಗ್ರೂಪಿನಾಗ ಪೋಲ್ ಇಟ್ಟಿದ್ನಲ್ಲ. ನಿನಗ ಹೇಳಿಲ್ಲೇನು?"

ಹೇಳಿರಲಿಲ್ಲ. ಕೀರ್ತಿ ಹೇಗೋ "ಆಯ್ತು ಆಂಟಿ, ತರ್ತೀನಿ" ಎಂದು ಫೋನಿಟ್ಟಳು. ಟ್ರಾಮಿನ ಕಿಟಕಿಯಲ್ಲಿ ತನ್ನ ಮುಖ ಕೆಂಪಾಗಿದ್ದು ಅವಳಿಗೇ ಕಾಣಿಸಿತು.

ಅಲ್ಲ, ಕೇಳುವುದಕ್ಕೂ ಒಂದು ಮಿತಿ ಬೇಡವೇ? ಹೋಗುವವರು ಇಬ್ಬರು. ಮಲಗುವುದು ಅವಳು ಕ್ಯಾರವಾನಿನೊಳಗೆ, ಅವನು ಹೊರಗೆ ಟೆಂಟಿನಲ್ಲಿ. ಅದಕ್ಕೆ ಬೊಬ್ಲಿಂಗೆನ್ನಿನ ಅಷ್ಟೂ ಕನ್ನಡಿಗರು ಕೂತು ಮತ ಚಲಾಯಿಸಬೇಕೇ? ಇನ್ನು ಹಲ್ಲುಜ್ಜುವ ಪೇಸ್ಟ್ ಯಾವುದೆಂದೂ ಒಂದು ಚುನಾವಣೆ ನಡೆಸಿಬಿಡಲಿ!

ಬಸವಪ್ರಸಾದ ಬಾಗಲಕೋಟೆಯವನು. ಬೊಬ್ಲಿಂಗೆನ್ನಿನ ಹತ್ತಿರ ಕಾರಿನ ಕಂಪನಿಯೊಂದರಲ್ಲಿ ಎಂಜಿನಿಯರ್. ಎರಡೂ ಮನೆಯವರು ಹೋದ ವರ್ಷ ಮಾತಾಡಿಕೊಂಡು, ಹುಡುಗ ಹುಡುಗಿ ಒಂದೇ ದೇಶದಲ್ಲಿದ್ದೀರಿ, ನೋಡಿ ಮಾಡಿ ಹೇಳಿ ಅಂದಿದ್ದರು. ಅಂದಿನಿಂದ ಒಂದು ವಾರ ಅವನು ರೈಲು ಹತ್ತುತ್ತಿದ್ದ, ಒಂದು ವಾರ ಇವಳು. ರೈಲು ತಡವಾದಾಗಲೆಲ್ಲ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕತ್ತು ಉದ್ದ ಮಾಡಿ ನಿಂತಿರುತ್ತಿದ್ದ ಅವನನ್ನು ಕಂಡು, ಅವಳಿಗೆ ಒಳಗೊಳಗೇ ಏನೋ ಆಗುತ್ತಿದ್ದುದು ನಿಜ. ಆ ಏನೋ ಏನೆಂದು ಅವಳು ಯಾರಿಗೂ ಹೇಳಿರಲಿಲ್ಲ, ಅವನಿಗಂತೂ ಮೊದಲೇ ಇಲ್ಲ.

ಈಗ ಮೈಸೂರಿನಿಂದ ಅಪ್ಪ ಕೇಳತೊಡಗಿದ್ದರು. ಹೂಂ ಅಥವಾ ಉಹೂಂ, ಎರಡರಲ್ಲಿ ಒಂದು. ಫಿಂಗ್‌ಸ್ಟೆನ್ ಹಬ್ಬದ ರಜೆಯಲ್ಲಿ ಬಸವಪ್ರಸಾದನ ಗೆಳೆಯ ದಿಲೀಪನ ಕ್ಯಾರವಾನು ಎರವಲು ತಂದು, ಯಾವುದಾದರೂ ನ್ಯಾಷನಲ್ ಪಾರ್ಕಿನ ಕ್ಯಾಂಪಿಂಗ್ ಜಾಗದಲ್ಲಿ ನಾಲ್ಕು ದಿನ ಇದ್ದು ಬರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಬಂದ ಮೇಲೆ ಅಪ್ಪನಿಗೆ ಉತ್ತರ ಕೊಡುವುದು ಎಂದು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಅಮ್ಮನಿಗೆ ಪ್ರವಾಸದ ವಿಷಯ ತಿಳಿಸಿದ್ದಳು. ಅಪ್ಪ ಕೇಳಿಸಿಕೊಂಡೂ ಕೇಳದವರ ಹಾಗೆ ಪೇಪರು ಓದುತ್ತಿದ್ದರಂತೆ.

ಮನೆ ಬಾಗಿಲು ತೆಗೆಯುವ ಮೊದಲೇ ಅವನಿಗೆ ಫೋನು ಮಾಡಿದಳು.

"ಅಭಿನಂದನೆಗಳು. ಬೆರ್ಷ್ಟೆಸ್‌ಗಾಡೆನ್ ಗೆದ್ದಿದೆಯಂತೆ."

"ಅನ್ನಪೂರ್ಣವ್ವಾರು ಫೋನ್ ಮಾಡಿದ್ರೇನ್ರಿ?"

"ಸ್ವೆಟರ್ ತರೋಕೆ ಹೇಳಿದ್ರು. ಅಲ್ರೀ, ಊರನ್ನೆಲ್ಲ ಕೇಳಿದ್ದೀರಿ. ನನ್ನೊಬ್ಬಳನ್ನ ಕೇಳಬೇಕು ಅಂತ ಅನ್ನಿಸಲಿಲ್ವಾ?"

"ಕೇಳಿದ್ನಲ್ರಿ! ಮೊದಲ ನಿಮ್ಮನ್ನ ಕೇಳಿದ್ದು. ಎಲ್ಲಾದ್ರೂ ಸರಿ, ನೀವೇ ನೋಡಿ ಅಂದ್ರಿ. ಮತ್ತೊಮ್ಮೆ ಕೇಳಿದ್ನಿ, ಆಗೂ ಅದನ್ನ ಅಂದ್ರಿ."

"ಹಾಗಂದರೆ ನಿಜವಾಗಲೂ ಎಲ್ಲಾದರೂ ಸರಿ ಅಂತಾನಾ?"

"ಮತ್ತೇನ್ರಿ?"

ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದವನ ಬೆರಗಿತ್ತು. ಅದಕ್ಕೇ ಅವಳಿಗೆ ಇನ್ನೂ ಉರಿದುಹೋಯಿತು. ಅವಳ ಮನೆಯಲ್ಲಿ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳುವುದು ಸಭ್ಯರ ಲಕ್ಷಣವಲ್ಲ. ನೆಂಟರ ಮನೆಯಲ್ಲಿ ಕಾಫಿ ಬೇಕಾದರೂ ಮೊದಲು ಬೇಡ ಎನ್ನಬೇಕು, ಅವರು ಒತ್ತಾಯ ಮಾಡಬೇಕು, ಆಮೇಲೆ ಅರ್ಧ ಲೋಟ ಸಾಕು ಎನ್ನಬೇಕು. ಪ್ರೀತಿ ಇದ್ದವರು ಮನಸ್ಸು ತಿಳಿದು ನಡೆದುಕೊಳ್ಳುತ್ತಾರೆ, ಅಷ್ಟೇ. ಬಾಗಲಕೋಟೆಯ ಅವನ ಮನೆಯಲ್ಲೋ, ಒಂದು ಚಾಪೆ ತರಬೇಕಾದರೂ ಪಡಸಾಲೆಯಲ್ಲಿ ಎಲ್ಲರೂ ಸೇರಿ ಕೂಗಾಡಿ ತೀರ್ಮಾನಿಸುತ್ತಾರೆ. ಸುಮ್ಮನೆ ಕೂತವರಿಗೆ ಅಭಿಪ್ರಾಯವೇ ಇಲ್ಲವೆಂದು ಅರ್ಥ.

"ನೀವು ನಿಮ್ಮ ಬಳಗದ ಜೊತೆಗೇ ಹೋಗಿ. ನಾನು ಬರಲ್ಲ," ಎಂದು ಫೋನು ಕತ್ತರಿಸಿದಳು.

ಅವನು ಮತ್ತೆ ಮತ್ತೆ ಮಾಡಿದ. ಅವಳು ತೆಗೆಯಲಿಲ್ಲ. ಆ ವಾರವಿಡೀ ಕಾರ್ಖಾನೆಯ ಧೂಳಿಲ್ಲದ ಕ್ಲೀನ್ ರೂಮಿನಲ್ಲಿ, ಬಿಳಿ ಸೂಟಿನೊಳಗೆ, ಕಣ್ಣು ಮಾತ್ರ ಕಾಣುವ ಮುಸುಕಿನೊಳಗೆ ಅವಳು ಅವನ ಜೊತೆ ಜಗಳವಾಡುತ್ತಲೇ ಇದ್ದಳು. ನಾಳೆ ಮಕ್ಕಳ ಹೆಸರನ್ನೂ ಗ್ರೂಪಿಗೆ ಹಾಕುವ ಮನುಷ್ಯ! ಅಪ್ಪನಿಗೆ ಉಹೂಂ ಎಂದುಬಿಡಬೇಕು. ಹಾಗೆಂದುಕೊಂಡಾಗಲೆಲ್ಲ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕತ್ತು ಉದ್ದ ಮಾಡಿ ನಿಂತ ಅವನೇ ಕಣ್ಣ ಮುಂದೆ ಬರುತ್ತಿದ್ದ. ಅದಕ್ಕೂ ಅವನ ಮೇಲೆಯೇ ಸಿಟ್ಟು.

ಶುಕ್ರವಾರ ಮಧ್ಯಾಹ್ನ ಬೀದಿಯಲ್ಲಿ ಗದ್ದಲ ಕೇಳಿಸಿತು. ಕಿಟಕಿಗೆ ಬಂದು ನೋಡಿದರೆ, ಆ ಸಣ್ಣ ರಸ್ತೆಯನ್ನು ಮುಕ್ಕಾಲು ನುಂಗಿಕೊಂಡು ಒಂದು ಕಾರು, ಅದರ ಹಿಂದೆ ಕಟ್ಟಿದ ಬಿಳಿಯ ಕ್ಯಾರವಾನು. ಕೆಳಗಿನ ಮನೆಯಾಕೆ ಫ್ರಾವ್ ಲೇಮನ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಯ್ಯುತ್ತಿದ್ದರು. ಅವರೆದುರು ತಲೆ ತಗ್ಗಿಸಿ ನಿಂತು, ಪ್ರತಿ ಬೈಗುಳಕ್ಕೂ "ಯಾ, ಯಾ" ಎಂದು ಹೂಂಗುಟ್ಟುತ್ತಿದ್ದವನು ಬಸವಪ್ರಸಾದ.

ಅವಳು ಚಪ್ಪಲಿ ಮೆಟ್ಟಿಕೊಂಡು ದಡದಡನೆ ಇಳಿದಳು.

ಅವನು ತಲೆಯೆತ್ತಿದ. ಬೆಳಗಾಗುವ ಮೊದಲೇ ಹೊರಟಿದ್ದಿರಬೇಕು, ಕೂದಲು ಒಂದು ಕಡೆ ಚಪ್ಪಟೆಯಾಗಿ, ಇನ್ನೊಂದು ಕಡೆ ಎದ್ದು ನಿಂತಿತ್ತು. ಬಾಯಿಗಿಂತ ಮೊದಲು ಪ್ರಶ್ನೆ ಕೇಳುವ ಆ ಕಣ್ಣುಗಳು ಅವಳ ಮುಖದ ಮೇಲೆ ಒಮ್ಮೆ ಓಡಾಡಿ, ಸಿಟ್ಟು ಎಷ್ಟಿದೆಯೆಂದು ನೋಡಿಕೊಂಡು, ಮೆಲ್ಲಗೆ ನೆಲಕ್ಕಿಳಿದವು. ಅವಳ ಎದೆ ಒಮ್ಮೆ ಧಸಕ್ಕೆಂದಿತು. ಇದಕ್ಕೇನು ಕಮ್ಮಿಯಿಲ್ಲ ಎಂದು ಎದೆಯನ್ನೇ ಬಯ್ದುಕೊಂಡಳು.

"ಇಲ್ಲಿ ಗಾಡಿ ನಿಲ್ಲಿಸಬಾರದು."

"ಗೊತ್ರಿ. ಈ ಅಮ್ಮಾರು ಆವಾಗಿಂದ ಅದನ್ನ ಹೇಳಾಕತ್ತಾರ."

"ಬೆರ್ಷ್ಟೆಸ್‌ಗಾಡೆನ್‌ಗೆ ಹೋಗೋ ದಾರಿ ಇದಲ್ಲ."

"ಕ್ಯಾನ್ಸಲ್ ಮಾಡೀನ್ರಿ."

"ಮತ್ತೆ ಎಲ್ಲಿಗೆ ಹೊರಟಿರೋದು?"

"ನಂಗೇನ್ ಗೊತ್ತು? ನೀವು ಹೇಳ್ರಿ."

ಅವಳ ನಾಲಿಗೆ ರೂಢಿಯ ಬಲದಲ್ಲೇ ಹೊರಳಿತು. "ಎಲ್ಲಾದ್ರೂ ಸ..."

"ಅದೊಂದ್ ಬಿಟ್ಟು!" ಅವನು ಎರಡೂ ಕೈ ಮುಂದೆ ಚಾಚಿದ. "ಕೈ ಮುಗೀತೀನಿ, ಅದೊಂದ್ ಬಿಟ್ಟು ಬ್ಯಾರೆ ಏನರ ಅನ್ರಿ."

"ಇಷ್ಟು ದಿನ ನನ್ನ ಜೊತೆ ಓಡಾಡಿದ್ದೀರಲ್ಲ? ನನಗೆ ಏನಿಷ್ಟ ಅಂತ ಇನ್ನೂ ಗೊತ್ತಾಗಲಿಲ್ವಾ?"

"ಹೆಂಗ ಗೊತ್ತಾಗಬೇಕ್ರಿ?" ಈಗ ಅವನ ದನಿಯೂ ಏರಿತು. ಅವನು ದನಿಯೇರಿಸಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. "ಊಟಕ್ಕ ಏನ್ ಬೇಕು ಅಂದ್ರ, ಏನಾದ್ರೂ ಸರಿ. ಯಾವ ಸಿನಿಮಾ ಅಂದ್ರ, ನಿಮ್ಮಿಷ್ಟ. ಕೂಡಾಕ ಕಿಟಕಿ ಕಡೆ ಬೇಕೋ ಈ ಕಡೆ ಬೇಕೋ ಅಂದ್ರ, ಯಾವುದಾದ್ರೂ ಪರವಾಗಿಲ್ಲ. ನಾಳೆ ನಿಮ್ಮಪ್ಪಾರು ಕೇಳ್ತಾರ, ಈ ಹುಡುಗ ಹೆಂಗ ಅಂತ. ಇವನಾದ್ರೂ ಸರಿ, ಇನ್ನೊಬ್ಬನಾದ್ರೂ ಸರಿ, ನೀವೇ ನೋಡಿ ಅಂತ ಹೇಳಿಬಿಟ್ರ ನಾ ಏನ್ ಮಾಡ್ಲಿ? ಅವರು ಹೂಂ ಅಂತಾರ, ನೀವು ತಾಳಿ ಕಟ್ಟಿಸ್ಕೋತೀರಿ. ನಂಗ ಅಂಥಾ ಲಗ್ನ ಬ್ಯಾಡ. ನಾ ಬೇಕಂದ್ರ ಬೇಕು ಅನ್ರಿ, ಬ್ಯಾಡಂದ್ರ ಬ್ಯಾಡ ಅನ್ರಿ."

ಫ್ರಾವ್ ಲೇಮನ್‌ಗೆ ಕನ್ನಡ ಒಂದಕ್ಷರ ಬಾರದಿದ್ದರೂ ಬಯ್ಯುವುದನ್ನು ನಿಲ್ಲಿಸಿ, ಕೈ ಕಟ್ಟಿಕೊಂಡು ಕೇಳಿಸಿಕೊಳ್ಳತೊಡಗಿದರು.

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅಪ್ಪನಿಗೆ ಏನು ಹೇಳಬೇಕೆಂದು ಕೀರ್ತಿ ಅಭ್ಯಾಸ ಮಾಡಿಕೊಂಡಿದ್ದೂ ಹೆಚ್ಚುಕಡಿಮೆ ಅದೇ ಮಾತು, ನಿಮಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಅಪ್ಪ. ಹಾಗಂತ ತನ್ನ ಸಿಟ್ಟನ್ನು ಸುಮ್ಮನೆ ಬಿಟ್ಟುಕೊಡಲು ಅವಳೇನು ಪೆದ್ದಿಯೇ?

"ಸರಿ, ನನ್ನದು ಅದು. ನಿಮ್ಮದು? ಭಯ ಆದರೆ ನನ್ನ ಹತ್ರ ಜಗಳ ಆಡಬೇಕಿತ್ತು. ಗ್ರೂಪಿಗೆ ಯಾಕೆ ಹಾಕಿದ್ರಿ? ನಾಳೆ ನಾವಿಬ್ಬರು ಮಾತು ಬಿಟ್ಟರೆ ಅದಕ್ಕೂ ಪೋಲ್ ಇಡ್ತೀರಾ?"

"ಇಲ್ರಿ." ಅವನ ದನಿ ಇಳಿಯಿತು. "ಅದು ತಪ್ಪಾತು. ನಾ ಒಬ್ಬನ ಜಾಗ ಆರಿಸಿ, ನಿಮಗ ಮನಸ್ಸಿಗೆ ಬರ್ಲಿಲ್ಲಂದ್ರ ಅಂತ ಅಂಜಿದ್ನಿ. ಹತ್ತು ಮಂದಿ ಹೇಳಿದ್ದು ತಪ್ಪಾಗಂಗಿಲ್ಲ ಅಂದ್ಕೊಂಡೆ. ನಮ್ಮಿಬ್ಬರ ವಿಷಯ ಇನ್ನ ಗ್ರೂಪಿಗೆ ಹೋಗಂಗಿಲ್ಲ. ಅನ್ನಪೂರ್ಣವ್ವಾರಿಗೂ ಹೇಳಿ ಬಂದೀನಿ. ಈಗಷ್ಟ ಬುದ್ಧಿ ಬಂತಾ ನಿನಗ ಅಂತ ಅವರ ಬಯ್ದ್ರು."

ಅವಳು ತುಟಿ ಕಚ್ಚಿ ನಗು ತಡೆದಳು. ಅವನು ಅದನ್ನು ನೋಡಿಬಿಟ್ಟ. ನೋಡಿಯೂ ನೋಡದವನ ಹಾಗೆ ಕ್ಯಾರವಾನಿನ ಚಕ್ರದ ಕಡೆ ತಿರುಗಿದ ಅವನ ಕೆನ್ನೆಯಲ್ಲಿ ಸಣ್ಣದೊಂದು ಗುಳಿ ಬಿತ್ತು.

"ಮ್ಯೂರಿಟ್ಸ್," ಎಂದಳು ಅವಳು.

"ಆಂ?"

"ಮ್ಯೂರಿಟ್ಸ್ ನ್ಯಾಷನಲ್ ಪಾರ್ಕ್. ನನಗೆ ಬೆಟ್ಟ ಬೇಡ. ವಾರವೆಲ್ಲ ಕಿಟಕಿಯಿಲ್ಲದ ಕಟ್ಟಡದಲ್ಲಿ ಇರ್ತೀನಿ, ನನಗೆ ಚಪ್ಪಟೆ ಜಾಗ ಬೇಕು, ಕಣ್ಣು ಹಾಯಿಸಿದಷ್ಟು ನೀರು ಬೇಕು. ಕೆರೆ ಪಕ್ಕದಲ್ಲೇ ಗಾಡಿ ನಿಲ್ಲಬೇಕು. ಟಾಯ್ಲೆಟ್ಟಿನ ಎದುರಿಗೆ ಬೇಡ, ತೀರಾ ದೂರನೂ ಬೇಡ. ಬೆಳಿಗ್ಗೆ ಕಾಫಿ ನೀವು ಮಾಡಬೇಕು. ನನಗೆ ಸ್ಟ್ರಾಂಗ್ ಬೇಕು, ನೀವು ಮಾಡೋ ಹಾಲಿನ ನೀರು ಬೇಡ. ಇಷ್ಟು ದಿನ ಕುಡಿದು ಕುಡಿದು ಸಾಕಾಗಿದೆ!"

"ಅಯ್ಯ, ಭಾಳ ಚಲೋ ಆಗೇತಿ ಅಂತಿದ್ರಲ್ರಿ!"

"ಸುಳ್ಳು!"

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಅಷ್ಟು ಸಂತೋಷದಿಂದ ಬೈಸಿಕೊಳ್ಳುವ ಮನುಷ್ಯನನ್ನು ಅವಳು ಕಂಡೇ ಇರಲಿಲ್ಲ.

ಮ್ಯೂರಿಟ್ಸ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ಫ್ರಾವ್ ಲೇಮನ್ ಮುಂದೆ ಬಂದರು. ಮ್ಯೂರಿಟ್ಸ್ ಯಾಕೆ, ಅದಕ್ಕಿಂತ ರ‍್ಯೂಗನ್ ದ್ವೀಪ ಎಷ್ಟೋ ವಾಸಿ, ಅಲ್ಲಿ ತಮ್ಮ ನಾದಿನಿ ಇದ್ದಾಳೆ ಎಂದು ಶುರು ಮಾಡಿದರು.

"ನೈನ್!" ಎಂದು ಇಬ್ಬರೂ ಒಟ್ಟಿಗೆ ಬೇಡವೆಂದರು.

ಜಾಗ ಸಿಗುವುದೇನು ಸುಲಭವಿರಲಿಲ್ಲ. ಬಟ್ಟೆ ತುಂಬಿಕೊಂಡು ಹೊರಟು, ಊರಾಚೆಯ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿ ಒಂದಾದ ಮೇಲೊಂದು ಕ್ಯಾಂಪಿಂಗ್ ಜಾಗಕ್ಕೆ ಫೋನು ಮಾಡಿದರು. ಫಿಂಗ್‌ಸ್ಟೆನ್ ರಜೆ, ಎಲ್ಲ ಕಡೆ ಭರ್ತಿ. ಜನವರಿಯಲ್ಲೇ ಬುಕ್ ಮಾಡಬೇಕಿತ್ತು ಎಂದು ಒಬ್ಬ ಉಪದೇಶವನ್ನೂ ಕೊಟ್ಟ. ಕೊನೆಗೆ ಪಾರ್ಕಿನ ಅಂಚಿನ ಸಣ್ಣ ಕೆರೆಯೊಂದರ ಹತ್ತಿರದ ಕ್ಯಾಂಪಿಂಗ್ ಜಾಗದ ಹೆಂಗಸು, ನಾಲ್ಕೈದು ಜಾಗ ಬುಕಿಂಗ್ ಇಲ್ಲದೆ ಬಂದವರಿಗೆಂದೇ ಬಿಟ್ಟಿರುತ್ತೇವೆ, ಮೊದಲು ಬಂದವರಿಗೆ ಸಿಗುತ್ತದೆ, ಆದರೆ ಕರೆಂಟ್ ಇಲ್ಲ ಎಂದಳು.

"ಕರೆಂಟ್ ಇಲ್ಲಂದ್ರ ಫ್ರಿಜ್ ಹೆಂಗೋ ಏನೋ. ದಿಲೀಪಗ ಒಂದ್ ಮಾತು ಕೇಳ..." ಎಂದವನು ಅವಳ ಮುಖ ನೋಡಿ ನಡುವೆಯೇ ನಿಲ್ಲಿಸಿದ. "ನಿಮಗೇನ್ ಅನ್ನಸ್ತೈತ್ರಿ?"

"ನನಗೆ ಅದೇ ಬೇಕು. ಹೊರಡಿ."

ಬರ್ಲಿನ್ ದಾಟಿದ ಮೇಲೆ ಆಟೋಬಾನ್ ಹೆದ್ದಾರಿ ಸ್ವಲ್ಪ ಖಾಲಿಯಾಯಿತು. ಲಾರಿಗಳ ಹಿಂದೆ ಅವರ ಗಾಡಿ ಗಂಭೀರವಾಗಿ ಸಾಗಿತ್ತು. ಅವನು ಮೊದಲ ಸಲ ಕ್ಯಾರವಾನು ಎಳೆಯುವವನು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಅವಳು ಆ ಕೈಗಳನ್ನೂ, ಮಡಿಸಿದ ತೋಳಿನ ಕೆಳಗೆ ಎದ್ದು ಕಾಣುತ್ತಿದ್ದ ನರವನ್ನೂ ನೋಡುತ್ತಾ ಕೂತಳು. ಅವನು ನೋಡಲಾರ ಎಂಬ ಧೈರ್ಯದಲ್ಲಿ ಸಾಕಷ್ಟು ಹೊತ್ತೇ ನೋಡಿದಳು. ಆಮೇಲೆ ಫೋನು ತೆಗೆದು ಅಪ್ಪನಿಗೆ ಮಾಡಿದಳು.

"ಏನಮ್ಮಾ, ಈ ಹೊತ್ತಿನಲ್ಲಿ?" ಶಿವಲಿಂಗಯ್ಯನವರ ದನಿ ಸ್ಪೀಕರಿನಲ್ಲಿ ಕಾರಿನ ತುಂಬ ಕೇಳಿಸಿತು.

"ಅಪ್ಪ, ನೀವು ಕೇಳಿದ್ರಲ್ಲ, ಆ ವಿಷಯ."

"ಹೂಂ ಹೇಳು. ಅವಸರ ಏನಿಲ್ಲ. ನಿನ್ನ ಚಿಕ್ಕಪ್ಪನೂ ಒಂದು ಮಾತು ಹೇಳಬೇಕು ಅಂತಿದ್ದ, ಅವನನ್ನೂ ಕೇಳಿ, ನಿಮ್ಮ ಸೋದರಮಾವನನ್ನೂ..."

"ಯಾರನ್ನೂ ಕೇಳಬೇಡಿ ಅಪ್ಪ. ನನಗೆ ಇವರೇ ಬೇಕು."

ಕಾರು ಒಮ್ಮೆ ಓಲಾಡಿತು. ಹಿಂದಿನ ಕ್ಯಾರವಾನೂ ಓಲಾಡಿತು.

"ರಸ್ತೆ ನೋಡ್ಕೊಂಡು ಓಡಿಸ್ರೀ!" ಎಂದು ಅವಳು ಚೀರಿದಳು.

"ಯಾರಿಗಮ್ಮ ಹೇಳ್ತಿರೋದು?"

"ಇವರಿಗೇ."

ಇದುವರೆಗೆ ಮಗಳ ಬಾಯಿಂದ ಬೇಕು ಎಂಬ ಮಾತೇ ಕೇಳದ ಮನುಷ್ಯ ಅವರು. ಅಪ್ಪ ಗಂಟಲು ಸರಿಮಾಡಿಕೊಂಡು, "ಸರಿ ಹಾಗಾದ್ರೆ. ನಿಧಾನವಾಗಿ ಓಡಿಸೋಕೆ ಹೇಳು," ಎಂದರು. ಫೋನು ಇಡುವ ಮೊದಲು "ವಿಜಯಾ, ಇಲ್ಲಿ ಬಾ, ನಿನ್ನ ಮಗಳು ಏನಂದಳು ಗೊತ್ತಾ" ಎಂದು ಹೆಂಡತಿಯನ್ನು ಕೂಗಿದ್ದು ಕೇಳಿಸಿತು.

ಬಸವಪ್ರಸಾದನ ಕಿವಿ ತುದಿಯವರೆಗೂ ಕೆಂಪಾಗಿತ್ತು. ಆಟೋಬಾನಿನಲ್ಲಿ ಕ್ಯಾರವಾನು ಕಟ್ಟಿಕೊಂಡು ಎಲ್ಲೆಂದರಲ್ಲಿ ನಿಲ್ಲುವ ಹಾಗಿಲ್ಲ, ಪಕ್ಕಕ್ಕೆ ತಿರುಗಿ ನೋಡುವ ಹಾಗೂ ಇಲ್ಲ. ಅವನು ಒಂದು ಕೈಯನ್ನು ಎತ್ತಿ ಅವಳ ಕಡೆ ಚಾಚಿ, ಮತ್ತೆ ಹೆದರಿ ಸ್ಟೀರಿಂಗಿಗೆ ತಂದ. ಮುಂದೆ ಗಾಡಿ ನಿಲ್ಲಿಸಬಹುದಾದ ರಾಸ್ಟ್‌ಪ್ಲಾಟ್ಸಿನ ಬೋರ್ಡು ಬರುವಷ್ಟರಲ್ಲಿ ಇಬ್ಬರಿಗೂ ಜೀವ ಸಾಕಾಗಿತ್ತು.

ಅಲ್ಲಿ ಕ್ಯಾರವಾನಿಗೆ ಜಾಗವೇ ಇರಲಿಲ್ಲ. ಅವನು ಲಾರಿಗಳ ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿ, ಸುತ್ತಿ ಬಂದು ಅವಳ ಬಾಗಿಲು ತೆಗೆದ.

"ಇನ್ನೊಮ್ಮೆ ಹೇಳ್ರಿ. ಅವರಿಗಲ್ಲ. ನನಗ."

"ಕೇಳಿಸಿತಲ್ಲ?"

"ಕೇಳಿಸ್ತು. ಆದರೂ ಹೇಳ್ರಿ."

ಅವಳು ಇಳಿದು ಅವನೆದುರು ನಿಂತಳು. ನಾಚಿಕೆಗೆ ಮೈಯೆಲ್ಲ ಬಿಸಿಯಾಗಿತ್ತು. "ನನಗೆ ನೀವು ಬೇಕು. ಬೇರೆ ಯಾರೂ ಬೇಡ. ಸಾಕಾ?"

ಅವನು ಅವಳನ್ನು ಎಳೆದುಕೊಂಡು ಎದೆಗೆ ಒತ್ತಿ ಹಿಡಿದ. ಹಿಂದೆ ಒಬ್ಬ ಲಾರಿಯವನು ದಾರಿ ಬಿಡಿರೆಂದು ಹಾರ್ನು ಒತ್ತಿದ, ಮತ್ತೆ ಒತ್ತಿದ.

ಕೀರ್ತಿ ಅವನ ಭುಜದ ಮೇಲಿಂದ ತಲೆಯೆತ್ತಿ, ತನಗೆ ಬರುವ ಅಷ್ಟೂ ಜರ್ಮನ್ ಸೇರಿಸಿ ಲಾರಿಯವನನ್ನು ಗದರಿದಳು: ಒಂದು ನಿಮಿಷ ಕಾಯಲಿಕ್ಕಾಗುವುದಿಲ್ಲವೇ ನಿಮಗೆ?