ಪರಚಿಂತೆಯ ಜರಡಿ

ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಅಂಗೈಯನ್ನು ಯಂತ್ರದ ತಣ್ಣನೆಯ ಗಾಜಿನ ಮೇಲೆ ಇಟ್ಟ ಸ್ವಲ್ಪ ಹೊತ್ತಿಗೆ ನಾಗವೇಣಿಗೆ ಕಾದ ಮರಳಿನ ವಾಸನೆ ಬಂತು. ಅದರ ಹಿಂದೆಯೇ ಉಪ್ಪುನೀರು ಕುಡಿದ ಅಕ್ಕಿ ಆ ಮರಳಿಗೆ ಬಿದ್ದು ಅರಳುವ ವಾಸನೆ. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಒಲೆಗೆ ಭತ್ತದ ಹೊಟ್ಟು ಸುರಿಯುತ್ತ, ನಡುವೆ ಒಂದು ಹಿಡಿ ಬಿಸಿ ಮಂಡಕ್ಕಿಯನ್ನು ಊದಿ ಆರಿಸಿ ಅವಳ ಲಂಗದ ಮಡಿಲಿಗೆ ಹಾಕುತ್ತಿದ್ದ. ಆ ಭಟ್ಟಿಗಳೆಲ್ಲ ಆರಿ ಎಷ್ಟೋ ಕಾಲವಾಗಿತ್ತು. ಈಗ ಅವಳು ಹದಿನೇಳನೆಯ ವಾರ್ಡಿನ ನಗರಸಭಾ ಸದಸ್ಯೆ.

“ವಾಸನೆ ಬಂತೇ?” ಎಂದು ಪ್ರಯೋಗಾಲಯದಲ್ಲಿ ಅವಳ ಎದುರಿಗೆ ಕುಳಿತಿದ್ದ ವಿಜ್ಞಾನಿ ಡಾ. ವಾಮನಮೂರ್ತಿ ಕೇಳಿದರು.

“ಬಂತು ಸಾರ್. ಎಲ್ಲಿಂದ ಬಂತು?”

“ನಿಮ್ಮೊಳಗಿಂದಲೇ. ಹಣೆಯ ಪಟ್ಟಿ ನಿಮ್ಮ ನೆನಪನ್ನು ಮೆಲ್ಲಗೆ ತಟ್ಟಿತು, ಅಷ್ಟೆ.”

ಆ ಯಂತ್ರದ ಹೆಸರು ಇಂಗಿತಮಾಪಕ. ಅಧಿಕಾರಿಯೊಬ್ಬ ಎದುರಿಗೆ ನಿಂತು “ನಿಮ್ಮ ಬೀದಿಗೆ ಏನು ಬೇಕು?” ಎಂದು ಕೇಳಿದರೆ ಜನ ನಿಜ ಹೇಳುವುದಿಲ್ಲ. ಒಬ್ಬ ನಾಚುತ್ತಾನೆ, ಇನ್ನೊಬ್ಬ ಹೆದರುತ್ತಾನೆ, ಮತ್ತೊಬ್ಬ ತನ್ನ ಮುಖಂಡ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾನೆ. ಬಾಲ್ಯದ ವಾಸನೆಯೊಂದು ನೆನಪಾದ ಗಳಿಗೆಯಲ್ಲಿ ಮಾತ್ರ ಮನುಷ್ಯ ಎಚ್ಚರ ತಪ್ಪಿ ತಾನಾಗಿರುತ್ತಾನೆ ಎಂಬುದು ವಾಮನಮೂರ್ತಿಯವರ ಶೋಧ. ಆ ಗಳಿಗೆಯಲ್ಲಿ ಯಂತ್ರದ ಪರದೆಯ ಮೇಲೆ ರಸ್ತೆ, ದೀಪ, ಚರಂಡಿ, ಉದ್ಯಾನಗಳ ಚಿತ್ರಗಳು ಒಂದರ ಹಿಂದೊಂದು ಹಾದು ಹೋಗುತ್ತವೆ. ಅಂಗೈಯ ಬೆವರು, ನಾಡಿಯ ಬಡಿತ, ಮಿದುಳಿನ ಸಣ್ಣ ವಿದ್ಯುತ್ ಅಲೆಗಳಿಂದ ಯಾವ ಚಿತ್ರಕ್ಕೆ ಮನಸ್ಸು ಎಷ್ಟು ತುಡಿಯಿತು ಎಂದು ಯಂತ್ರ ಅಳೆಯುತ್ತದೆ. ಇಡೀ ವಾರ್ಡಿನ ತುಡಿತವನ್ನು ಕೂಡಿಸಿದರೆ ಆ ವರ್ಷದ ಆದ್ಯತೆ ಸಿಗುತ್ತದೆ. ವಾರ್ಡಿಗೆ ವರ್ಷಕ್ಕೊಂದು ದೊಡ್ಡ ಕಾಮಗಾರಿ. ಯಂತ್ರ ಹೇಳಿದ್ದನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ.

ಈ ಯಂತ್ರ ತಮ್ಮ ಊರಿಗೂ ಬರಲಿ ಎಂದು ಸಭೆಯಲ್ಲಿ ಪಟ್ಟು ಹಿಡಿದವಳು ನಾಗವೇಣಿಯೇ. ಅವಳ ಮನಸ್ಸಿನಲ್ಲಿದ್ದದ್ದು ಭಟ್ಟಿ ಓಣಿಗೆ ಬೇಕಾಗಿದ್ದ ತಡೆಗೋಡೆ.

ಓಣಿ ಇಳಿಜಾರಿನಲ್ಲಿತ್ತು. ಅದರ ತುದಿಯಲ್ಲಿ ಕೆಂಪುಹಳ್ಳ. ಹಳ್ಳಕ್ಕೆ ಅಂಟಿಕೊಂಡ ಕೊನೆಯ ಮನೆಯಲ್ಲಿ ಜೈಬುನ್‌ಬಿ ಒಬ್ಬಳೇ ಇದ್ದಳು. ಹಿಂದೆ ಭಟ್ಟಿಗಳಿಗೆ ಚೀಲ ಹೊಲಿದು ಬದುಕಿದ ಅವಳನ್ನು ಓಣಿಯವರೆಲ್ಲ ಬೂಬಮ್ಮ ಎನ್ನುತ್ತಿದ್ದರು. ಮಳೆ ಜೋರಾದಾಗಲೆಲ್ಲ ಹಳ್ಳ ಅವಳ ಮನೆಯೊಳಗೆ ಬರುತ್ತಿತ್ತು. ಅದಕ್ಕೆಂದೇ ಓಣಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮೆಟ್ಟಿಲಿಗೆ ಮಳೆನೀರು ಹತ್ತಿದರೆ ಮೇಲಿನ ಮನೆಗಳವರು ಬಾಗಿಲು ತೆರೆದಿಡುವರು. ಕೆಳಗಿನವರು ಬಾಗಿಲು ತಟ್ಟಿ, ಕರೆದು, ಒಳಗೆ ಬರಲೇ ಎಂದು ಕೇಳುವ ಹಾಗಿರಬಾರದು. ತೆರೆದ ಬಾಗಿಲಿನಿಂದ ತಮ್ಮ ಮನೆಗೇ ಬಂದಂತೆ ಬರಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಬೂಬಮ್ಮ ಹೆಚ್ಚಾಗಿ ಹೋಗುತ್ತಿದ್ದದ್ದು ಮೇಲಿನ ಸಾಲಿನ ಹಾಲಮ್ಮನ ಮನೆಗೆ. ಅವಳು ಬರುವ ಹೊತ್ತಿಗೆ ಒಂದು ಒಣ ಸೀರೆ ಗೂಟಕ್ಕೆ ನೇತುಬಿದ್ದಿರುತ್ತಿತ್ತು.

ಮೊದಲ ಅಳತೆಯ ದಿನ ಓಣಿಯವರೆಲ್ಲ ಅಂಗನವಾಡಿಯ ಮುಂದೆ ಸಾಲು ನಿಂತರು. ಹಾಲಮ್ಮ ಯಂತ್ರವನ್ನು ಸುತ್ತಲೂ ನೋಡಿದಳು.

“ಸಾರ್, ಇದಕ್ಕೆ ಕಿವಿ ಇಲ್ವಾ? ಬಾಯಿ ಐತೆ ನಮಗೆ, ಹೇಳ್ತೀವಲ್ಲ.”

“ಬಾಯಿ ಸುಳ್ಳು ಹೇಳುತ್ತದೆ ತಾಯಿ.”

“ಯಾರ ಬಾಯಿ? ಎಲೆಕ್ಷನ್ನಾಗೆ ಬರ್ತಾರಲ್ಲ, ಅವರದಾ? ನಮ್ಮ ನಾಗವೇಣಿನೂ ಬಂದಿದ್ಲು ಬಿಡ್ರಿ.”

ಸಾಲು ನಕ್ಕಿತು. ನಾಗವೇಣಿಯೂ ನಕ್ಕಳು. ಬೂಬಮ್ಮ ತನ್ನ ಸರದಿ ಬಂದಾಗ ಕೈ ಚಾಚಿ ಹಿಂದೆಗೆದುಕೊಂಡಳು. ಹಿಂದೆ ನಿಂತಿದ್ದ ಹಾಲಮ್ಮ ತನ್ನ ಸೆರಗಿನಿಂದ ಆ ಅಂಗೈ ಒರೆಸಿ ಗಾಜಿನ ಮೇಲೆ ಇಡಿಸಿದಳು.

ಫಲಿತಾಂಶ ಬಂತು. ಗೆದ್ದದ್ದು ಅದೇ ವಾರ್ಡಿನ ಇನ್ನೊಂದು ಬದಿಯ ಬಡಾವಣೆಯವರ ಉದ್ಯಾನದ ಕಾರಂಜಿ. ತಡೆಗೋಡೆಗೆ ಬಂದದ್ದು ಸೊನ್ನೆ.

ನಾಗವೇಣಿ ನೇರವಾಗಿ ವಾಮನಮೂರ್ತಿಯವರ ಪ್ರಯೋಗಾಲಯಕ್ಕೆ ಹೋದಳು.

“ಯಂತ್ರ ಕೆಟ್ಟಿದೆ ಸಾರ್. ಆ ಓಣಿಯಲ್ಲಿ ಗೋಡೆ ಬೇಡ ಅನ್ನೋರು ಒಬ್ಬರೂ ಇಲ್ಲ.”

ವಾಮನಮೂರ್ತಿ ತಾಳ್ಮೆಯ ಮನುಷ್ಯ. ಪರದೆಯ ಮೇಲೆ ಎರಡು ರೇಖಾಚಿತ್ರಗಳನ್ನು ತೋರಿಸಿದರು. ಮೊದಲನೆಯದರಲ್ಲಿ ತಡೆಗೋಡೆಯ ಗೆರೆ ಉಳಿದೆಲ್ಲವನ್ನೂ ಮೀರಿ ಮೇಲೆ ಹೋಗಿತ್ತು. ಎರಡನೆಯದರಲ್ಲಿ ಅದು ಇರಲೇ ಇಲ್ಲ.

“ಇದು ಸೋಸುವ ಮೊದಲು, ಇದು ಸೋಸಿದ ಮೇಲೆ. ನಡುವೆ ಒಂದು ಜರಡಿ ಇದೆ. ಪರಚಿಂತೆಯ ಜರಡಿ ಎನ್ನುತ್ತೇವೆ. ಮನುಷ್ಯ ತನಗಾಗಿ ಬಯಸುವುದಕ್ಕೂ ಇನ್ನೊಬ್ಬರಿಗಾಗಿ ಬಯಸುವುದಕ್ಕೂ ಮಿದುಳಿನ ಅಲೆಗಳಲ್ಲಿ ಸ್ಪಷ್ಟ ವ್ಯತ್ಯಾಸವಿದೆ. ಎರಡನೆಯದನ್ನು ಜರಡಿ ಕೆಳಗೆ ಬಿಡುತ್ತದೆ.”

“ಯಾಕೆ?”

“ಮೊದಲ ಪ್ರಯೋಗಗಳಲ್ಲಿ ಜರಡಿ ಇರಲಿಲ್ಲ. ಒಬ್ಬ ಹುಡುಗನಿಗೆ ಆಟದ ಮೈದಾನ ಬೇಕಿದ್ದರೆ ಅವನ ತಾಯಿ, ಅಜ್ಜಿ, ಅತ್ತೆ ಎಲ್ಲರ ಮನಸ್ಸೂ ಅದಕ್ಕೇ ತುಡಿಯುತ್ತಿತ್ತು. ಒಬ್ಬನ ಬಯಕೆ ನಾಲ್ಕು ಸಲ ಎಣಿಕೆಯಾಯಿತು. ಇನ್ನೊಂದು ಊರಿನಲ್ಲಿ ಕೂಲಿಗಳೆಲ್ಲ ತಮ್ಮ ಧಣಿಗೆ ಏನು ಬೇಕೋ ಅದನ್ನೇ ಬಯಸಿದರು. ದೊಡ್ಡ ಮನೆಗಳವರೇ ಗೆದ್ದರು. ಒಬ್ಬ ಮನುಷ್ಯ, ಒಂದು ಬಯಕೆ. ನ್ಯಾಯ ಅಂದರೆ ಅದೇ ಅಲ್ಲವೇ?”

ಅವರು ಹೇಳಿದ್ದರಲ್ಲಿ ನಾಗವೇಣಿಗೆ ತಪ್ಪು ಕಾಣಲಿಲ್ಲ.

“ಸರಿ, ಬೂಬಮ್ಮ? ನೀರು ನುಗ್ಗೋದು ಅವಳ ಮನೆಗೇ. ಅವಳ ಬಯಕೆನಾದ್ರೂ ಜರಡಿ ಮೇಲೆ ನಿಲ್ಲಬೇಕಿತ್ತಲ್ಲ?”

“ಅದು ನನಗೂ ವಿಚಿತ್ರ ಅನಿಸಿತು. ಅವರದೂ ಪರಚಿಂತೆಯೇ.”

ಆ ಸಂಜೆ ನಾಗವೇಣಿ ಬೂಬಮ್ಮನನ್ನೇ ಕೇಳಿದಳು. ಮುದುಕಿ ಏನೋ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

“ಗೋಡೆ ಚಿತ್ರ ಬಂತಲ್ಲ ಬೇಟಾ, ಅವಾಗ ಹಾಲಮ್ಮನ ಸೊಸೆ ನೆನಪಾದ್ಲು. ಪ್ರತಿ ಮಳೆಗೂ ನಾನು ಹೋಗ್ತೀನಿ. ಪಾಪ, ಕೂಸಿನ ತೊಟ್ಲು ಎತ್ತಿ ನನಗೆ ಜಾಗ ಮಾಡ್ತಾಳೆ. ಗೋಡೆ ಆದ್ರೆ ಆ ಹುಡುಗೀಗೆ ತ್ರಾಸು ತಪ್ತೈತೆ ಅಂದ್ಕೊಂಡೆ.”

ಜರಡಿಯನ್ನು ತೆಗೆಯಬೇಕೆಂದು ನಾಗವೇಣಿ ಬಹಳ ಓಡಾಡಿದಳು. ಆಗಲಿಲ್ಲ. ಎಲ್ಲ ಊರುಗಳಿಗೂ ಒಂದೇ ನಿಯಮ. ಕೊನೆಗೆ ವಾಮನಮೂರ್ತಿಯವರೇ ಸಮಾಧಾನದ ದನಿಯಲ್ಲಿ ಒಂದು ಮಾತು ಹೇಳಿದರು. “ನಿಮ್ಮ ಜನಕ್ಕೆ ತಮ್ಮ ಬಗ್ಗೆ ಯೋಚಿಸುವುದನ್ನು ಕಲಿಸಿ. ಅದೇನೂ ಪಾಪವಲ್ಲ. ಬೇರೆಯವರೆಲ್ಲ ಅದನ್ನೇ ಮಾಡುತ್ತಿದ್ದಾರೆ.”

ಹಾಗೆ ಅಂಗನವಾಡಿಯಲ್ಲಿ ಅಭ್ಯಾಸ ಶುರುವಾಯಿತು. ನಾಗವೇಣಿ ಎಲ್ಲರನ್ನೂ ಕೂರಿಸಿ, ಕಣ್ಣು ಮುಚ್ಚಿಸಿ, ಹಳ್ಳದ ನೀರು ತಮ್ಮ ಮನೆಯೊಳಗೇ ಬಂದಂತೆ ಕಲ್ಪಿಸಿಕೊಳ್ಳಲು ಹೇಳುತ್ತಿದ್ದಳು.

“ನೀರು ಎಲ್ಲಿಗೆ ಬಂತು ಹಾಲಮ್ಮಕ್ಕ?”

“ಬೂಬಮ್ಮನ ಹೊಸ್ತಿಲು ದಾಟ್ತು.”

“ಅದನ್ನ ಬಿಡ್ರಿ. ನಿಮ್ಮ ಮನೇಗೆ ಬರಲಿ.”

“ಅವಳ ಮನೆ ಮುಳುಗ್ದಲೆ ನಮ್ಮನೇಗೆ ಹೆಂಗ್ ಬರ್ತೈತೆ? ನೀರಿಗೆ ಬುದ್ಧಿ ಇಲ್ವಾ?”

ಮತ್ತೆ ನಗು. ಬೂಬಮ್ಮನೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಆದರೆ ನಾಗವೇಣಿ ಬಿಡಲಿಲ್ಲ. ಒಟ್ಟಿಗೆ ಕುಳಿತರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆಂದು ಆಮೇಲೆ ಮನೆಯಲ್ಲೇ ಅಭ್ಯಾಸ ಮಾಡಲು ಹೇಳಿದಳು. “ದಿನಾ ಸಂಜೆ ಬಾಗಿಲು ಹಾಕ್ಕೊಂಡು ಕೂತ್ಕೊಳ್ರಿ. ನಿಮ್ಮ ಮನೆ, ನಿಮ್ಮ ಅಂಗಳ, ನಿಮ್ಮ ಮಕ್ಕಳು. ಅದರಾಚೆಗೆ ಹೋಗಬೇಡಿ. ಬೂಬಮ್ಮನಿಗೋಸ್ಕರನಾದ್ರೂ ಬೂಬಮ್ಮನ್ನ ಮರೀರಿ.”

ನಾಗವೇಣಿಯ ಮೇಲಿನ ವಿಶ್ವಾಸಕ್ಕೆ ಅವರು ಹಾಗೆಯೇ ಮಾಡಿದರು. ಸಂಜೆಯಾದರೆ ಓಣಿಯ ಬಾಗಿಲುಗಳು ಮುಚ್ಚತೊಡಗಿದವು. ಮೊದಮೊದಲು ಅದು ಆಟದಂತಿತ್ತು. ಮುಚ್ಚಿದ ಬಾಗಿಲ ಹಿಂದಿನಿಂದ “ಮುಗೀತೇನೇ ನಿಂದು?” ಎಂದು ಒಬ್ಬರನ್ನೊಬ್ಬರು ಕೂಗಿ ಕೇಳುತ್ತಿದ್ದರು. ಬರಬರುತ್ತ ಕೂಗು ನಿಂತಿತು. ಒಳಗೆ ತಣ್ಣಗೆ ಕುಳಿತು ತಮ್ಮದೇ ಮನೆಯನ್ನು ನೋಡಿಕೊಳ್ಳುವುದರಲ್ಲಿ ಒಂದು ಸುಖವಿದೆ ಎಂದು ಅವರಿಗೆ ಗೊತ್ತಾಗಿರಬೇಕು. ಅಷ್ಟು ವರ್ಷ ಅದಕ್ಕೆ ಅವರಿಗೆ ಬಿಡುವೇ ಸಿಕ್ಕಿರಲಿಲ್ಲ.

ಮುಂದಿನ ಅಳತೆಯಲ್ಲಿ ಭಟ್ಟಿ ಓಣಿ ಗೆದ್ದಿತು. ಸಭೆಯಲ್ಲಿ ಓಣಿಯ ಹೆಸರು ಓದಿದಾಗ ನಾಗವೇಣಿಯ ಕಣ್ಣು ತುಂಬಿತು. ಕಾಮಗಾರಿಯ ಹೆಸರು ಓದಿದಾಗ ಮಾತ್ರ ಅವಳು ಮತ್ತೊಮ್ಮೆ ಓದಿರೆಂದು ಕೇಳಿದಳು. ಓಣಿಯ ಮೇಲಿನ ಭಾಗಕ್ಕೆ ಎತ್ತರಿಸಿದ ಕಾಂಕ್ರೀಟ್ ರಸ್ತೆ.

“ಅವರು ಅಭ್ಯಾಸ ಮಾಡಿದ್ದು ಗೋಡೆಗೆ ಸಾರ್,” ಎಂದಳು, ಪ್ರಯೋಗಾಲಯದ ಬಾಗಿಲಲ್ಲೇ ನಿಂತು.

“ಇಲ್ಲದ ನೀರಿಗೆ ಹೆದರಿ ಎಂದರೆ ಮನಸ್ಸು ಹೆದರುವುದಿಲ್ಲ ನಾಗವೇಣಿಯವರೇ. ಯಂತ್ರವನ್ನು ಹಾಗೆ ನಂಬಿಸಲಾಗದು. ನೀವು ಅವರ ಮನಸ್ಸಿನಿಂದ ಆ ಅಜ್ಜಿಯನ್ನು ತೆಗೆದಿರಿ. ಉಳಿದದ್ದರಲ್ಲಿ ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಕೆಸರಿಲ್ಲದ ಅಂಗಳ.”

“ರಸ್ತೆ ಎತ್ತರಿಸಿದ್ರೆ ಆ ನೀರು ಎಲ್ಲಿಗೆ ಹೋಗುತ್ತೆ?”

ವಾಮನಮೂರ್ತಿ ಕನ್ನಡಕ ತೆಗೆದು ಒರೆಸಿದರು. “ಅದನ್ನು ಯಂತ್ರ ಕೇಳುವುದಿಲ್ಲ.”

ರಸ್ತೆ ಆಯಿತು. ಚೆನ್ನಾಗಿಯೇ ಆಯಿತು. ಮಕ್ಕಳು ಅದರ ಮೇಲೆ ಸೈಕಲ್ ಬಿಟ್ಟರು, ಹೆಂಗಸರು ಸಂಡಿಗೆ ಒಣಗಿಸಿದರು. ಹಾಲಮ್ಮ ದಿನಾ ಬೆಳಿಗ್ಗೆ ತನ್ನ ಬಾಗಿಲ ಮುಂದಿನಷ್ಟನ್ನು ತೊಳೆದು ರಂಗೋಲಿ ಹಾಕುತ್ತಿದ್ದಳು. ನಾಗವೇಣಿ ಬೂಬಮ್ಮನ ಮುಖ ನೋಡಲಾರದೆ ಓಣಿಗೆ ಬರುವುದನ್ನು ಕಡಿಮೆ ಮಾಡಿದಳು. ಒಮ್ಮೆ ಎದುರು ಸಿಕ್ಕಾಗ ಬೂಬಮ್ಮನೇ ಅವಳ ಕೈ ಹಿಡಿದಳು.

“ನೀ ಯಾಕೆ ಹಂಗೆ ಮುಖ ಸಣ್ಣ ಮಾಡ್ತಿ? ಅವರೂ ಎಷ್ಟು ವರ್ಷ ಕೆಸರು ತುಳಿದ್ರು, ಆಗ್ಲಿ ಬಿಡು. ಮುಂದಿನ ಸಲ ಗೋಡೆ ಆಗ್ತೈತೆ.”

ಮಳೆ ಒಂದು ಮಧ್ಯಾಹ್ನ ಬಂತು. ಹಿಂದೆಲ್ಲ ಮೇಲಿನ ಮನೆಗಳ ಮೆಟ್ಟಿಲಿಗೆ ಕೆಸರು ನೀರು ಹತ್ತಿದಾಗ ಕೆಳಗೆ ಹಳ್ಳ ಏರುತ್ತಿದೆ ಎಂದು ಓಣಿಗೆ ತಿಳಿಯುತ್ತಿತ್ತು. ಈಗ ನೀರು ನಿಲ್ಲದೆ ನುಣ್ಣನೆಯ ರಸ್ತೆಯ ಮೇಲೆ ಸದ್ದಿಲ್ಲದೆ ಕೆಳಗೆ ಹರಿಯಿತು. ಮೆಟ್ಟಿಲಿಗೆ ಅದು ಹತ್ತಲೇ ಇಲ್ಲ. ಮನೆಗಳವರು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು, ಈಗೀಗ ಕುಳಿತಿರುತ್ತಿದ್ದಂತೆ.

ಮಳೆ ನಿಂತ ಮೇಲೆ ನಾಗವೇಣಿ ಓಡುತ್ತ ಬಂದಳು. ಹಾಲಮ್ಮನ ಮನೆಯ ಸೂರಿನ ಕೆಳಗೆ, ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ, ಬೂಬಮ್ಮ ಒಂದು ಗಂಟು ಹಿಡಿದು ನಿಂತಿದ್ದಳು. ಮೈಯೆಲ್ಲ ತೊಯ್ದು ತುಟಿ ನೀಲಿಯಾಗಿತ್ತು. ಕೆಳಗೆ ಅವಳ ಮನೆಯ ಮಣ್ಣಿನ ಗೋಡೆ ಕುಸಿದು, ಸೂರು ನೀರಿನ ಮೇಲೆ ಓರೆಯಾಗಿ ಕೂತಿತ್ತು.

“ಬೂಬಮ್ಮ, ಬಾಗಿಲು ತಟ್ಟಬಾರದಿತ್ತಾ?”

ಬೂಬಮ್ಮ ಬಾಗಿಲನ್ನು ಒಮ್ಮೆ ನೋಡಿದಳು. “ಹಾಕಿತ್ತಲ್ಲ ಬೇಟಾ,” ಎಂದಳು.

ಆ ಮಾತು ಒಳಗೆ ಕೇಳಿಸಿರಬೇಕು. ಅಗುಳಿ ತೆಗೆದ ಸದ್ದಾಯಿತು. ಬಾಗಿಲಲ್ಲಿ ನಿಂತ ಹಾಲಮ್ಮ ಬೂಬಮ್ಮನನ್ನು, ಗಂಟನ್ನು, ಕೆಳಗಿನ ಸೂರನ್ನು ನೋಡಿದಳು. ಅಷ್ಟರಲ್ಲಿ ಬೂಬಮ್ಮ ನಾಗವೇಣಿಯ ತೋಳು ಹಿಡಿದು ಮೆಟ್ಟಿಲಿಳಿದಿದ್ದಳು.

ಅವಳನ್ನು ಸರ್ಕಾರಿ ಶಾಲೆಯಲ್ಲಿ ಇರಿಸಿದರು. ಬಿದ್ದ ಜಾಗದಲ್ಲಿ ಮತ್ತೆ ಮನೆ ಕಟ್ಟಲು ಅನುಮತಿ ಇಲ್ಲವೆಂದೂ, ಊರಾಚೆಯ ವಸತಿ ಕಟ್ಟಡದಲ್ಲಿ ಕೋಣೆ ಕೊಡುವುದಾಗಿಯೂ ಮೇಲಧಿಕಾರಿಗಳು ತಿಳಿಸಿದರು. ಮರುದಿನ ಅದನ್ನು ಹೇಳಲು ನಾಗವೇಣಿ ಹೋದಾಗ ಬೂಬಮ್ಮ ಕಿಟಕಿಯ ಪಕ್ಕ ಚಾಪೆಯ ಮೇಲೆ ಕುಳಿತಿದ್ದಳು. ಹೇಳಿದ್ದನ್ನು ಕೇಳಿ ತಲೆಯಾಡಿಸಿದಳು. ಅಲ್ಲಿ ನೆರೆಯಲ್ಲಿ ಯಾರಿರುತ್ತಾರೆ ಎಂದು ಕೂಡ ಕೇಳಲಿಲ್ಲ.

ವಾಮನಮೂರ್ತಿಯವರೂ ಬಂದರು. ಅವರು ಕೆಟ್ಟವರಲ್ಲ. ರಾತ್ರಿ ನಿದ್ದೆ ಮಾಡಿರಲಿಲ್ಲ ಎಂದು ಮುಖ ಹೇಳುತ್ತಿತ್ತು. ಕೈಯಲ್ಲಿ ಸಣ್ಣ ಇಂಗಿತಮಾಪಕವಿತ್ತು.

“ಇದರಲ್ಲಿ ಜರಡಿ ತೆಗೆದಿದ್ದೇನೆ,” ಎಂದು ತಗ್ಗಿದ ದನಿಯಲ್ಲಿ ಹೇಳಿದರು. “ಅವರಿಗೆ ನಿಜವಾಗಿ ಏನು ಬೇಕೆಂದು ಒಮ್ಮೆ ತಿಳಿದರೆ, ಅದನ್ನೇ ಆಧಾರ ಮಾಡಿ ಮೇಲಧಿಕಾರಿಗಳಿಗೆ ಬರೆಯುತ್ತೇನೆ. ನನ್ನಿಂದಾಗುವುದು ಅಷ್ಟೇ.”

ಬೂಬಮ್ಮ ಆಕ್ಷೇಪಿಸಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟಳು. ರಸ್ತೆ, ದೀಪ, ಗೋಡೆ, ಮನೆ, ಒಂದೊಂದೇ ಚಿತ್ರ ಹಾದುಹೋಯಿತು. ಗೆರೆ ನೆಲಕ್ಕೆ ಅಂಟಿಕೊಂಡಂತೆ ಸಪಾಟಾಗಿ ಸಾಗಿತು. ವಾಮನಮೂರ್ತಿ ಮೊದಲಿನಿಂದ ಮತ್ತೆ ತೋರಿಸಿದರು. ತನಗಾಗಿಯೂ ಇಲ್ಲ, ಯಾರಿಗಾಗಿಯೂ ಇಲ್ಲ.

“ಯಂತ್ರ ಕೆಟ್ಟಿರಬೇಕು,” ಎಂದರು.

“ಇಲ್ಲ ಸಾರ್,” ಎಂದಳು ನಾಗವೇಣಿ.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಹಾಲಮ್ಮ ಒಳಗೆ ಬಂದಳು. ನಾಗವೇಣಿಯನ್ನಾಗಲಿ, ವಾಮನಮೂರ್ತಿಯವರನ್ನಾಗಲಿ ಅವಳು ನೋಡಲಿಲ್ಲ. ಚಾಪೆಯ ಎದುರು ನೆಲದ ಮೇಲೆ ಕುಳಿತು, ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿ ಇನ್ನೂ ಬಿಸಿಯಾಗಿದ್ದವು. ಬೂಬಮ್ಮನಿಗೆ ಹಲ್ಲಿಲ್ಲವೆಂದು ಅವನ್ನು ತಟ್ಟೆಯಲ್ಲಿ ಸಣ್ಣಗೆ ಮುರಿದು ಪಲ್ಯದೊಡನೆ ಕಲಸಿದಳು. ಗಾಜಿನ ಮೇಲಿದ್ದ ಆ ಕೈಯನ್ನು ಮೆಲ್ಲಗೆ ಎತ್ತಿ, ತಟ್ಟೆಯನ್ನು ಅದರಲ್ಲಿಟ್ಟಳು.